ಎರಡನೆಯ ಜಾಮೀನು

"ನಿಮ್ಮ ವೀಸಾ ಯಾವತ್ತಿಗೆ ಮುಗಿಯತ್ತೆ?"

ಟೈಲರಕ್ಕನ ಅಂಗಡಿಯೊಳಗೆ ಅವಳು ಕಾಲಿಟ್ಟ ಮೊದಲ ದಿನ, ಕೂರಲು ಜಾಗ ಹುಡುಕುತ್ತಿರುವಾಗಲೇ ಬಂದ ಪ್ರಶ್ನೆ ಇದು. ಹೆಸರೇನು ಅಂತಿಲ್ಲ, ಊಟ ಆಯ್ತಾ ಅಂತಿಲ್ಲ. ಕೇಳಿದವನು ಇಸ್ತ್ರಿ ಮೇಜಿಗೆ ಒರಗಿ ನಿಂತಿದ್ದ. ಉಗುರಿನ ಸಂದಿಯಲ್ಲಿ ಕರಿ ಗ್ರೀಸು, ಹುಬ್ಬಿನ ನಡುವೆ ಬಿಗಿದ ಗಂಟು.

"ಯಾಕೆ, ಏರ್‌ಪೋರ್ಟಿಗೆ ಬಿಡೋಕೆ ಬರ್ತೀರಾ?" ಎಂದಳು.

ಒಂದಿಬ್ಬರು ನಕ್ಕರು. ಅವನು ನಗಲಿಲ್ಲ. "ಬಿಡೋಕಲ್ಲ, ಹಿಡಿಯೋಕೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಎದ್ದು ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಪರದೇಶಕ್ಕೆ ಬಂದು ಆರು ತಿಂಗಳಾಗಿತ್ತು. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಬೇರೆಯವರ ಬಾಯಿಗೆ ಹಲ್ಲು ಮಾಡುತ್ತಾ ಮಾಡುತ್ತಾ ತನ್ನ ಬಾಯಿ ತೆರೆಯುವುದನ್ನೇ ಮರೆತಿದ್ದಳು. ಸಂಬಳ ಬಂದ ದಿನ ಅರ್ಧ ಬಾಡಿಗೆಗೆ, ಕಾಲುಭಾಗ ತಂಗಿಯ ಓದಿಗೆ. ಮಿಕ್ಕ ಕಾಲುಭಾಗದಲ್ಲಿ ಬಸ್ಸು, ಫೋನು, ಅಕ್ಕಿ. ತಿಂಗಳ ಕೊನೆಗೆ ಕೈಯಲ್ಲಿ ಕಾಸೂ ಇಲ್ಲ, ಕಷ್ಟಸುಖ ಕೇಳುವ ಜನವೂ ಇಲ್ಲ.

ಎರಡಕ್ಕೂ ಟೈಲರಕ್ಕನ ಬಳಿ ಒಂದೇ ಮದ್ದಿತ್ತು. ಚೀಟಿ. ಇಪ್ಪತ್ತು ಜನ, ತಲೆಗೆ ಐನೂರು, ಇಪ್ಪತ್ತು ತಿಂಗಳು. ತಿಂಗಳ ಮೊದಲ ರಜಾದಿನ ಮಧ್ಯಾಹ್ನ ಮೂರಕ್ಕೆ ಅಂಗಡಿಯ ಷಟರ್ ಅರ್ಧ ಇಳಿಯುತ್ತಿತ್ತು. ಹತ್ತು ಸಾವಿರದ ಗಂಟು ಮೇಜಿನ ಮೇಲೆ. ಬೇಕಾದವರು ಎಷ್ಟು ಬಿಟ್ಟುಕೊಡುತ್ತೇವೆಂದು ಕೂಗಬೇಕು, ಹೆಚ್ಚು ಬಿಟ್ಟವರಿಗೆ ಚೀಟಿ. ಬಿಟ್ಟ ಹಣ ಉಳಿದವರಿಗೆ ಹಂಚಿಕೆ. ಆಮೇಲೆ ಚಹಾ, ಹರಟೆ, ನಗು. ಅರ್ಧ ಜನ ಹಣಕ್ಕೆ ಬರುತ್ತಿದ್ದರು, ಅರ್ಧ ಜನ ಹರಟೆಗೆ. ತಾನು ಯಾವ ಅರ್ಧ ಎಂದು ಅವಳು ಯಾರಿಗೂ ಹೇಳಲಿಲ್ಲ.

"ಅವನ ಮಾತು ತಲೆಗೆ ಹಚ್ಕೋಬೇಡ ಕಣೇ," ಎಂದಳು ಟೈಲರಕ್ಕ, ಅವಳ ಕೈಗೆ ಚಹಾ ಕೊಡುತ್ತಾ. "ಲಿಫ್ಟ್ ರಿಪೇರಿ ಮಾಡೋನು. ಹೋದ ಚೀಟೀಲಿ ರೂಮ್‌ಮೇಟಿಗೆ ಜಾಮೀನು ನಿಂತಿದ್ದ. ಅವನು ನಾಲ್ಕನೇ ತಿಂಗಳೇ ಚೀಟಿ ಎತ್ಕೊಂಡು ವಿಮಾನ ಹತ್ತಿಬಿಟ್ಟ. ಹದಿನಾರು ಕಂತು ಇವನೇ ಕಟ್ಟಿದ."

ಬಿಸಿಹಾಲಲ್ಲಿ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಇದು ಮಜ್ಜಿಗೆಯನ್ನೇ ಪರಚಲು ಹೊರಟ ಬೆಕ್ಕು ಎಂದುಕೊಂಡಳು ಅವಳು.

ಅಂದಿನಿಂದ ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಅವಳು ಎರಡು ನಿಮಿಷ ತಡವಾಗಿ ಬಂದರೆ ಅವನು ಗೋಡೆ ಗಡಿಯಾರಕ್ಕೆ ನಮಸ್ಕಾರ ಮಾಡುತ್ತಿದ್ದ. ಅವನು ಚಹಾ ಹೀರುವ ಸದ್ದಿಗೆ ಅವಳು "ಪೈಪ್ ಒಡೀತಾ?" ಎಂದು ಸುತ್ತ ನೋಡುತ್ತಿದ್ದಳು. ಅವನ ಕಡೆ ನೋಡಬಾರದೆಂದು ಅವಳು ಪಡುತ್ತಿದ್ದ ಕಷ್ಟ ಅಷ್ಟಿಷ್ಟಲ್ಲ. ಅವನ ಎಡಗಿವಿಯ ಹಿಂದೆ ಸಣ್ಣ ಮಚ್ಚೆಯಿದೆ ಎಂಬುದು ಮಾತ್ರ ಹೇಗೋ ಗೊತ್ತಾಗಿತ್ತು.

ಚೀಟಿಯ ಏಳನೆಯ ತಿಂಗಳಲ್ಲಿ ಅವಳು ವಾಸವಿದ್ದ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಅವಳು, ಒಂದು ಚೀಲ ಈರುಳ್ಳಿ. ಅರ್ಧ ಗಂಟೆಯಾದ ಮೇಲೆ ಮೇಲಿನಿಂದ ಧ್ವನಿ ಬಂತು. ಆ ದೇಶದ ಭಾಷೆಯಲ್ಲಿ, ಎಷ್ಟು ಜನ ಇದ್ದೀರಿ ಎಂದು.

"ಒಬ್ಬಳೇ," ಎಂದಳು ಕನ್ನಡದಲ್ಲೇ. ಆ ಧ್ವನಿಯ ಗುರುತು ಹಿಡಿಯಲು ಅವಳಿಗೆ ಮುಖ ಬೇಕಿರಲಿಲ್ಲ.

"ಓ, ನೀವಾ? ಹಾಗಾದ್ರೆ ಅವಸರ ಇಲ್ಲ."

"ನಿಮ್ಮ ಕೆಲಸ ನೋಡಿದ್ರೆ ಅವಸರ ಯಾವತ್ತೂ ಇದ್ದಂಗಿಲ್ಲ."

"ಬೈತಾ ಇರಿ. ಬೈತಿರೋವರೆಗೂ ಉಸಿರು ಸರಿಯಾಗಿದೆ ಅಂತ ಲೆಕ್ಕ."

ಹೆದರಿಕೆಗೆ ಅವಳು ಈರುಳ್ಳಿ ಚೀಲ ಅವಚಿಕೊಂಡಿದ್ದಳು. ಅದು ಅವನಿಗೆ ಹೇಗೆ ತಿಳಿಯಿತೋ! ಸ್ಪ್ಯಾನರ್ ತಿರುಗಿಸುತ್ತಲೇ ಮಾತು ನಿಲ್ಲಿಸದೆ ಕೆಣಕಿದ. ನಡುವೆ ಒಮ್ಮೆ, ಕೇಳದೆಯೇ, ಆ ರೂಮ್‌ಮೇಟಿನ ಮಾತು ತೆಗೆದ. "ಒಂದೇ ತಟ್ಟೇಲಿ ಉಂಡೋನು. ದುಡ್ಡು ಹೋಯ್ತು ಅಂತಲ್ಲ. ಹೋಗ್ತೀನಿ ಅಂತ ಹೇಳಿದ್ರೆ ಟಿಕೆಟ್ ನಾನೇ ತೆಗೆಸಿಕೊಡ್ತಿದ್ದೆ."

ಬಾಗಿಲು ತೆರೆದಾಗ ಅವನ ಮುಖ ಅವಳ ತಲೆಗಿಂತ ಮೇಲಿತ್ತು. ಕೈ ನೀಡಿದ. ಅವಳ ಬೆರಳುಗಳಿಗೆ ಲ್ಯಾಬಿನಲ್ಲಿ ಅಂಟಿದ್ದ ಬಿಳಿ ಪ್ಲಾಸ್ಟರು ಅವನ ಗ್ರೀಸಿಗೆ ಹತ್ತಿತು. ಅವಳು ಮೇಲೆ ಬಂದು ನಿಂತ ಮೇಲೂ ಆ ಕೈ ಬಿಡಲು ಇಬ್ಬರಿಗೂ ನೆನಪಾಗಲಿಲ್ಲ. ಅವನ ಕಣ್ಣು ಅವಳ ಕಣ್ಣಿನಲ್ಲಿ ಏನನ್ನೋ ಹುಡುಕಿ, ಸಿಕ್ಕಿತೇನೋ ಎಂಬಷ್ಟರಲ್ಲಿ ಹೆದರಿ ಕೆಳಗಿಳಿಯಿತು.

"ಬರೋ ರಜಾದಿನ ಕಂತು. ಮರೀಬೇಡಿ," ಎಂದ.

"ನಿಮ್ಮ ಮುಖ ನೋಡಿದ್ರೆ ಸಾಕು, ಸಾಲವೇ ನೆನಪಾಗೋದು," ಎಂದು ಕೈ ಕಿತ್ತುಕೊಂಡು ಅವಳು ಮೆಟ್ಟಿಲೇರಿದಳು. ಈರುಳ್ಳಿ ಲಿಫ್ಟಿನಲ್ಲೇ ಉಳಿಯಿತು. ಮರುದಿನ ಆ ಚೀಲ ಅವಳ ಬಾಗಿಲ ಹಿಡಿಗೆ ನೇತಾಡುತ್ತಿತ್ತು, ಒಂದು ಮಾತಿಲ್ಲದೆ.

ಹನ್ನೆರಡನೆಯ ತಿಂಗಳಿಗೆ ಸಿಡಿಲು ಬಡಿಯಿತು. ಲ್ಯಾಬಿನ ಮುದುಕ ಯಜಮಾನ ಅದನ್ನು ಮುಚ್ಚುವುದಾಗಿ ಹೇಳಿದ. ಅವಳ ಕೆಲಸದ ಪರ್ಮಿಟ್ಟು ಆ ಲ್ಯಾಬಿಗೆ ಅಂಟಿಕೊಂಡದ್ದು. ಲ್ಯಾಬು ಹೋದರೆ ಅವಳೂ ಹೊರಡಬೇಕು. ಇಲ್ಲವೇ ಕೆಲಸದ ಮೇಜು, ಹಲ್ಲಿನ ಪಿಂಗಾಣಿ ಸುಡುವ ಕುಲುಮೆ ಎರಡನ್ನೂ ಏಳು ಸಾವಿರಕ್ಕೆ ಕೊಂಡು, ವಾರದೊಳಗೆ ಲ್ಯಾಬನ್ನು ತನ್ನ ಹೆಸರಿಗೆ ಮಾಡಿಕೊಳ್ಳಬೇಕು.

ಆ ತಿಂಗಳ ಚೀಟಿಯ ಮಧ್ಯಾಹ್ನ ಅವಳು ಎದೆ ಗಟ್ಟಿ ಮಾಡಿಕೊಂಡು ಕೂಗಿಗೆ ಕೂತಳು.

"ಎರಡು ಸಾವಿರ ಬಿಟ್ಟೆ," ಎಂದ ಟ್ಯಾಕ್ಸಿ ಓಡಿಸುವವನು.

"ಎರಡೂವರೆ."

"ಎರಡು ಸಾವಿರದ ಆರುನೂರು."

"ಎಂಟುನೂರು," ಎಂದಳು. ಮೂರು ಸಾವಿರ ದಾಟಿದರೆ ಚೀಟಿ ಬಂದೂ ಪ್ರಯೋಜನವಿರಲಿಲ್ಲ. ಟ್ಯಾಕ್ಸಿಯವನು ಕೈಚೆಲ್ಲಿದ.

ಇಸ್ತ್ರಿ ಮೇಜಿನ ಕಡೆಯಿಂದ ಮಾತು ಬಂತು. "ನನ್ನ ರೂಮ್‌ಮೇಟೂ ಹೀಗೇ ಬಿಟ್ಟಿದ್ದ. ವಾಪಸ್ ಕಟ್ಟೋ ಯೋಚನೆ ಇಲ್ಲದವರಿಗೆ ಬಿಡೋದು ಸುಲಭ."

ಟೈಲರಕ್ಕ ಅವನನ್ನು ದುರುಗುಟ್ಟಿ ನೋಡಿ, ಚೀಟಿ ಪುಸ್ತಕ ತೆರೆದಳು. "ಚೀಟಿ ಇವಳದು. ಒಂದು ಜಾಮೀನು ನಾನೇ. ಎರಡನೇದು ಯಾರು?"

ಆ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ಜಾಮೀನಿಲ್ಲದೆ ಯಾರ ಕೈಗೂ ಹಣವಿಲ್ಲ. ಒಂದು ವರ್ಷ ಜೊತೆಗೆ ಚಹಾ ಕುಡಿದವರು, ಅವಳ ಮಾತಿಗೆ ಹೊಟ್ಟೆ ಹಿಡಿದು ನಕ್ಕವರು, ಈಗ ಒಬ್ಬೊಬ್ಬರಾಗಿ ಫೋನು ನೋಡತೊಡಗಿದರು. ಟ್ಯಾಕ್ಸಿಯವನು ಗೋಡೆಗೆ ನೇತುಹಾಕಿದ ಕೋಟಿನ ಗುಂಡಿ ಎಣಿಸಿದ. ಲ್ಯಾಬು ಮುಚ್ಚುವ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು.

"ನನ್ನ ಚೀಟಿ ಇನ್ನೂ ಎತ್ತಿಲ್ಲ," ಎಂದ ಲಿಫ್ಟಿನವನು. ಎಲ್ಲರೂ ತಿರುಗಿದರು. "ಹನ್ನೆರಡು ಕಂತು ಕಟ್ಟಿದೀನಿ. ಅದನ್ನ ಅಡ ಇಟ್ಕೊಳ್ಳಿ. ಇವರು ಹೋದ್ರೆ ಎಂಟು ಕಂತು ಅದರಲ್ಲೇ ಮುರ್ಕೊಳ್ಳಿ. ಸಹಿ ಮಾತ್ರ ಕೇಳಬೇಡಿ."

ಟೈಲರಕ್ಕ ಕನ್ನಡಕ ತೆಗೆದಳು. "ಸಾಕಲ್ಲಪ್ಪ, ಅದು ಸಹಿಗಿಂತ ಗಟ್ಟಿ."

"ಸಾಲದು!" ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ನಾನು ಓಡಿಹೋಗ್ತೀನಿ ಅಂತ ಈಗಲೇ ತಿಥಿ ಮಾಡಿ ಮುಗಿಸಿದ್ರಾ? ಭಿಕ್ಷೆ ನನಗೆ ಬೇಡ. ನನ್ನನ್ನ ನಂಬಿ ಒಂದು ಸಹಿ ಹಾಕೋರು ಇಪ್ಪತ್ತು ಜನದಲ್ಲಿ ಅಕ್ಕನ್ನ ಬಿಟ್ರೆ ಒಬ್ಬರಿಲ್ಲ ಅಂದ್ರೆ, ಈ ಊರಲ್ಲಿ ಇದ್ದು ನಾನು ಏನು ಮಾಡ್ಲಿ? ಚೀಟಿ ಟ್ಯಾಕ್ಸಿಯವರಿಗೇ ಕೊಡಿ ಅಕ್ಕಾ."

ಷಟರಿನ ಕೆಳಗೆ ಬಗ್ಗಿ ಹೊರಟೇಬಿಟ್ಟಳು. ಬಿಸಿಲು ಕಣ್ಣು ಕುಕ್ಕಿತು. ಬಸ್ ಸ್ಟಾಪಿನವರೆಗೂ ಅಳಬಾರದೆಂದು ತುಟಿ ಕಚ್ಚಿ ನಡೆದಳು.

"ನಿಂತ್ಕೊಳ್ಳಿ!" ಹಿಂದೆ ಅವನು, ಕಂಕುಳಲ್ಲಿ ಟೈಲರಕ್ಕನ ಪುಸ್ತಕ.

"ಏನು, ವೀಸಾ ತೋರಿಸ್ಬೇಕಾ?"

"ಹುಚ್ಚು ಬಿಡಿ. ದುಡ್ಡು ತಗೊಂಡು ಕುಲುಮೆ ಕೊಂಡ್ಕೊಳ್ಳಿ."

"ದುಡ್ಡು ಕೊಡ್ತೀಯ, ಸಹಿ ಕೊಡಲ್ಲ. ಯಾಕೆ? ಹೇಳು." ಬಹುವಚನ ಯಾವಾಗ ಉದುರಿಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನು ರಸ್ತೆ ನೋಡಿದ, ಚಪ್ಪಲಿ ನೋಡಿದ. "ಕೊಟ್ಟು ಮರೆತ ದುಡ್ಡಿಗೆ ದಾರಿ ಕಾಯೋದಿರಲ್ಲ. ಸಹಿ ಹಾಕಿದ್ರೆ ಪ್ರತಿ ತಿಂಗಳು ನೀನು ಬರ್ತೀಯೋ ಇಲ್ವೋ ಅಂತ ಬಾಗಿಲು ನೋಡ್ಕೊಂಡು ಕೂರಬೇಕು."

"ಕೂತ್ಕೋ. ಏನಾಗತ್ತೆ?"

"ಈಗಲೇ ಕೂತಿದೀನಲ್ಲ!" ಎಂದು ಅವನು ರೇಗಿದ. "ಎರಡು ನಿಮಿಷ ತಡ ಆದ್ರೆ ನನ್ನ ಜೀವ ಗಡಿಯಾರಕ್ಕೆ ನೇತಾಡ್ತಿರತ್ತೆ. ಒಬ್ಬ ಹೇಳದೆ ಹೋದಾಗಲೇ ಅನ್ನ ಸೇರಿಲ್ಲ ನನಗೆ. ನೀನು ಹೋದ್ರೆ..."

ಬಸ್ಸೊಂದು ಬಂದು, ಕಾದು, ಬಾಗಿಲು ಮುಚ್ಚಿಕೊಂಡು ಹೋಯಿತು. ಅವಳು ಹತ್ತಲಿಲ್ಲ. ವರ್ಷವಿಡೀ ಅವನ ಮೇಲೆ ಕಟ್ಟಿಕೊಂಡು ಬಂದ ಸಿಟ್ಟನ್ನು ಹುಡುಕಿದಳು. ಸಿಟ್ಟು ಇತ್ತು, ಆದರೆ ಅದರ ಮುಖ ಬೇರೆಯಾಗಿತ್ತು.

"ಸಹಿ ಹಾಕು," ಎಂದಳು ಮೆಲ್ಲಗೆ.

ಸ್ಟಾಪಿನ ಬೆಂಚಿನ ಮೇಲೆ ಪುಸ್ತಕವಿಟ್ಟು ಅವನು ಮಂಡಿಯೂರಿದ. ಹತ್ತು ಮಹಡಿಯ ಮೇಲೆ ಹಗ್ಗ ಹಿಡಿದು ನೇತಾಡುವ ಕೈ ಒಂದು ಸಾಲು ಬರೆಯಲು ಎರಡು ಸಲ ಪೆನ್ನು ಬೀಳಿಸಿತು.

"ನೋಡಬೇಡ."

"ನೋಡ್ತೀನಿ. ಇದೇನು, ಸಹಿಯೋ ಜರಿಹುಳವೋ?"

ಅವನು ನಗಲಿಲ್ಲ, ಆದರೆ ಹುಬ್ಬಿನ ನಡುವಿನ ಗಂಟು ಸಡಿಲವಾಯಿತು. ಅವಳು ಪಕ್ಕದಲ್ಲಿ ಕೂತು ಒಣಗದ ಶಾಯಿಗೆ ಉಸಿರು ಊದಿದಳು.

"ಈಗ ನಾನು ಓಡಿಹೋದ್ರೆ?"

"ಎಂಟು ಕಂತು ಕಟ್ತೀನಿ."

"ಕಟ್ಟಿ?"

"ಬೈತೀನಿ."

"ಎಷ್ಟು ದಿನ?"

ಅವನು ನಿಜವಾಗಿಯೂ ಲೆಕ್ಕ ಹಾಕಿದ. "ಆಯಸ್ಸು ಇರೋವರೆಗೂ."

"ಹಾಗಾದ್ರೆ ಹತ್ತಿರದಲ್ಲೇ ಇರ್ತೀನಿ," ಎಂದು ಅವಳು ಪುಸ್ತಕ ಎತ್ತಿಕೊಂಡಳು. "ಅಷ್ಟು ದೂರದಿಂದ ಬೈದ್ರೆ ನನಗೆ ಕೇಳಿಸಲ್ಲ."