ಒಂದು ಸೊನ್ನೆ ಕಮ್ಮಿ

ಗಂಭೀರವಾಗಿ ಮಾತಾಡುತ್ತಿರುವಾಗ ಯಾರಾದರೂ ನಕ್ಕರೆ ವರ್ಷಾಳಿಗೆ ಮೈ ಉರಿಯುತ್ತಿತ್ತು. ಎರಡು ಸಾವಿರನೇ ಇಸವಿಯ ಜನವರಿಯಲ್ಲಿ, ಬಸವಕಲ್ಯಾಣದ ಒಂದು ಕಾಲೇಜಿನ ವಿಜ್ಞಾನ ಮೇಳದಲ್ಲಿ, ಮೂರನೇ ಸಾಲಿನಲ್ಲಿ ಕೂತಿದ್ದ ನೀಲಿ ಸ್ವೆಟರಿನವನೊಬ್ಬ ನಕ್ಕೇಬಿಟ್ಟ.

ಅವಳು ಹುಮನಾಬಾದಿನಲ್ಲಿ ಪಿಯು ಹುಡುಗರಿಗೆ ಫಿಸಿಕ್ಸ್ ಕಲಿಸುತ್ತಿದ್ದಳು. ಅಂದಿನ ವಿಷಯ, ಅಣುಶಕ್ತಿಯ ನಾಳೆ. "ರಿಯಾಕ್ಟರಿನಲ್ಲಿ ಒಮ್ಮೆ ಉರಿದ ಯುರೇನಿಯಂ ಬೂದಿಯಿದ್ದ ಹಾಗೆ. ಅದನ್ನು ಮತ್ತೆ ಕೆದಕಬಾರದು. ಭದ್ರವಾಗಿ ಮುಚ್ಚಿ ನೆಲದಾಳದಲ್ಲಿ ಇಟ್ಟುಬಿಡಬೇಕು" ಎಂದಿದ್ದಳಷ್ಟೇ.

ಭಾಷಣ ಮುಗಿದ ಮೇಲೆ ಅವನೇ ಎರಡು ಕಪ್ ಚಹಾ ಹಿಡಿದು ಬಂದ.

"ಸಿಟ್ಟಾಗಬ್ಯಾಡ್ರಿ ಮೇಡಂ. ಬೂದಿ ಅಂದ್ರಲ್ಲ, ಅದಕ್ಕ ನಗು ಬಂತು. ಹೊರಗ ತೆಗೆದಾಗೂ ಅದರಾಗ ನೂರಕ್ಕ ತೊಂಬತ್ತರ ಮ್ಯಾಲೆ ಯುರೇನಿಯಂ ಹಂಗೇ ಇರ್ತದ್ರಿ."

"ನಿಮಗ ಹ್ಯಾಂಗ ಗೊತ್ತು?"

"ನಾ ದಿನಾ ಅದೇ ಕೆಲಸ ಮಾಡ್ತೀನ್ರಿ."

ಅವನ ಹೆಸರು ಶ್ರೀಮಂತ. ಇದೇ ಬಸವಕಲ್ಯಾಣದವನು. ದೂರದ ಸಮುದ್ರದಂಡೆಯ ಒಂದು ಸ್ಥಾವರದಲ್ಲಿ ಟೆಕ್ನಿಷಿಯನ್ ಆಗಿದ್ದ. ಉರಿದ ಇಂಧನವನ್ನು ಆಸಿಡ್ಡಿನಲ್ಲಿ ಕರಗಿಸಿ, ಮತ್ತೆ ಬಳಸಬಹುದಾದದ್ದನ್ನು ಬೇರೆ ಮಾಡುವ ಕೆಲಸ. ರಜೆಗೆಂದು ಊರಿಗೆ ಬಂದಿದ್ದ.

"ಅಂದ್ರ ನಾ ಮುಚ್ಚಿಡ್ರಿ ಅಂದದ್ದನ್ನ ನೀವು ತೆರೀತೀರಿ."

"ಮುಚ್ಚಿಟ್ಟರ ಸಾವಿರಾರು ವರ್ಷ ಕಾಯಬೇಕಾಗ್ತದ. ನಿಮಗ ಅಷ್ಟು ತಾಳ್ಮಿ ಇದ್ದಂಗ ಕಾಣಲಿಲ್ಲ."

ಅವಳು ಮುಖ ಬಿಗಿದುಕೊಳ್ಳಲು ನೋಡಿದಳು. ತುಟಿಯ ತುದಿ ಮಾತ್ರ ಕೇಳಲಿಲ್ಲ. ಅದನ್ನು ಅವನು ಕಂಡ. ಅವನು ಕಂಡದ್ದನ್ನು ಅವಳೂ ಕಂಡಳು. ಚಹಾ ಇಬ್ಬರ ಕೈಯಲ್ಲೂ ಆರಿತು.

ಆಮೇಲೆ ಪತ್ರಗಳು ಶುರುವಾದವು. ಪ್ರೇಮಪತ್ರ ಎನ್ನುವಂಥವಲ್ಲ, ಜಗಳದ ಪತ್ರಗಳೇ. ನಮ್ಮ ನೆಲದಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಬೇಕಾದಷ್ಟಿದೆ, ಹಳೆಯ ಇಂಧನವನ್ನು ತೆರೆದರೆ ಮಾತ್ರ ಥೋರಿಯಂನಿಂದ ಕರೆಂಟು ಮಾಡುವ ದಾರಿ ಹಿಡಿಯಬಹುದು ಎಂದು ಅವನು ಬರೆಯುತ್ತಿದ್ದ. ಒಮ್ಮೆ ಅವಳು ಒಂದೇ ಸಾಲು ಬರೆದಳು: 'ತೆರೆಯುವ ಕೈಗಳ ಗತಿ ಏನು?'

ಹದಿನೈದು ದಿನಕ್ಕೆ ಉತ್ತರ ಬಂತು. 'ಆ ಕೈಗಳನ್ನು ನೀವು ಹಿಡಿದುಕೊಳ್ಳುವುದಾದರೆ ನನಗೆ ಚಿಂತೆಯಿಲ್ಲ.'

ಸ್ಟಾಫ್ ರೂಮಿನಲ್ಲಿ ಅದನ್ನು ಓದಿ, ಹಾಜರಿ ಪುಸ್ತಕದೊಳಗೆ ಇಟ್ಟು, ಮುಂದಿನ ಪೀರಿಯಡ್ಡಿನಲ್ಲಿ ಅದೇ ಪುಸ್ತಕ ತೆರೆದು ಹಾಜರಿ ಕೂಗುವಾಗ ವರ್ಷಾ ಎರಡು ಸಲ ತಪ್ಪಿದಳು.

ಹುಮನಾಬಾದಿನ ಮಂಡಿಯಲ್ಲಿ ತೊಗರಿ ವ್ಯಾಪಾರ ಮಾಡುವ ಅವಳ ಅಪ್ಪ ಗುಂಡಪ್ಪನಿಗೆ ಸಂಬಂಧ ಹಿಡಿಸಿತು. ನಿಶ್ಚಯವೂ ಆಯಿತು. ಮರುವರ್ಷದ ಆಗಸ್ಟಿನಲ್ಲಿ ಪತ್ರಗಳು ನಿಂತುಹೋದವು.

ಮೊಹಿನುದ್ದೀನನ ಎಸ್‌ಟಿಡಿ ಬೂತಿನಿಂದ ಅವಳು ಸ್ಥಾವರಕ್ಕೆ ಫೋನ್ ಮಾಡಿದಳು. ಶ್ರೀಮಂತ ಈಗ ಒಳಗಿನ ಕೆಲಸದಲ್ಲಿಲ್ಲ, ಆಫೀಸಿಗೆ ಹಾಕಿದ್ದಾರೆ ಎಂದು ಯಾರೋ ಹೇಳಿ ಇಟ್ಟುಬಿಟ್ಟರು. ಬೇರೆ ಯಾರಾದರೂ ಸಿಕ್ಕಿರಬೇಕು ಎಂದುಕೊಂಡಳು. ಮೂರು ತಿಂಗಳು ಹಾಗೇ ಅಂದುಕೊಂಡು ಸವೆದಳು.

ದೀಪಾವಳಿಗೆ ಅವನು ಬಂದ. ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ನಿಂತು ಹೇಳಿದ.

"ಪೈಪಿನ ಬೆಸುಗಿ ಬಿಟ್ಟು ಇಂಧನ ಕರಗಿಸಿದ ಆಸಿಡ್ಡು ಸೋರ್ತು. ಅಲಾರಂ ಹೊಡಕೊಳ್ಳೋದ್ರಾಗ ನಾ ಒಳಗಿದ್ದೆ. ಈ ಲಗ್ನ ಬ್ಯಾಡ್ರಿ."

"ಎಷ್ಟು?"

ಅವಳು ಮೊದಲು ಕೇಳಿದ್ದು ಅದೇ. ಮೈಗೆ ತಗುಲಿದ ವಿಕಿರಣಕ್ಕೆ ಒಂದು ಅಳತೆಯಿದೆ, ಮಿಲಿಸೀವರ್ಟ್. ಅಲ್ಲಿ ಕೆಲಸ ಮಾಡುವವರಿಗೆ ವರ್ಷಕ್ಕೆ ಮೂವತ್ತು ಮಿತಿ ಎಂಬುದು ಅವಳಿಗೆ ಗೊತ್ತಿತ್ತು.

ಅವನು ನೀರನ್ನು ನೋಡಿದ. ಅವಳ ಮುಖ ನೋಡಿದ. ಮತ್ತೆ ನೀರನ್ನು ನೋಡಿದ.

"ಮೂವತ್ತೆರಡು."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. "ಬರೇ ಎರಡು ಜಾಸ್ತಿ! ಇಷ್ಟಕ್ಕ ನನ್ನ ಮೂರು ತಿಂಗಳು ಕೊಂದ್ರೇನು? ಈ ಹೈವೇದಾಗ ನೀವು ಮೋಟಾರ್ ಸೈಕಲ್ ಹೊಡಿಯೋದೇ ಇದಕ್ಕಿಂತ ಅಪಾಯ ಅದ!"

ಅವನು ನಗಲಿಲ್ಲ. ಆ ನಗದ ಮುಖ ಅವಳಿಗೆ ನೆನಪಾದದ್ದು ವರ್ಷಗಳ ನಂತರ.

ಸುದ್ದಿ ಮಂಡಿಗೂ ಮುಟ್ಟಿತು. ಹುಡುಗನ ಮೈಯಲ್ಲಿ ಅಣು ಹೊಕ್ಕಿದೆಯಂತೆ, ಮಕ್ಕಳಾಗುವುದಿಲ್ಲವಂತೆ. ಗುಂಡಪ್ಪ ಊಟ ಬಿಟ್ಟು ಕೂತ. ವರ್ಷಾ ಅಪ್ಪನ ಮುಂದೆ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದಳು.

"ಮಿತಿ ಮೂವತ್ತು, ಇವರದು ಮೂವತ್ತೆರಡು. ಏನೂ ಆಗಲ್ಲಪ್ಪ. ನನ್ನ ಮ್ಯಾಲೆ ನಂಬಿಕಿ ಅದ ಇಲ್ಲ?"

ಗುಂಡಪ್ಪ ಬಹಳ ಹೊತ್ತು ಆ ಅಂಕಿಗಳನ್ನು ನೋಡಿದ. "ಅದು ನನಗ ತಿಳಿಯಲ್ಲವ್ವ. ನಿನ್ನ ಮ್ಯಾಲೆ ಅದ."

ಮದುವೆಯಾಯಿತು. ಕುರ್ಚಿಯ ಕೆಲಸ ಒಗ್ಗಲಿಲ್ಲವೆಂದು ಶ್ರೀಮಂತ ನೌಕರಿ ಬಿಟ್ಟು ಬಂದು ಬಸವಕಲ್ಯಾಣದಲ್ಲಿ ಪಂಪಿನ ಮೋಟಾರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ ಹಾಕಿದ. ಅವಳು ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿಬರುತ್ತಿದ್ದಳು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಗ್ರೀಸ್ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಅವನು ಕಾಯುತ್ತಿದ್ದ.

"ಇವತ್ತೂ ಹುಡುಗರಿಗೆ ಮುಚ್ಚಿಡ್ರಿ ಅಂತಲೇ ಕಲಿಸಿದ್ರೇನು, ಮೇಡಂ?"

"ಕಲಿಸಿದೆ. ಕೈ ತೋರಸ್ರಿ ಮೊದಲ."

ಮಕ್ಕಳಾಗಲಿಲ್ಲ.

೨೦೦೬ರ ಮಳೆಗಾಲದಲ್ಲಿ ಅವನಿಗೆ ಜ್ವರ ಬಂದು ಬಿಡಲೇ ಇಲ್ಲ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ಡಾಕ್ಟರು ಹಳೆಯ ನೌಕರಿಯ ದಾಖಲೆ ತರಿಸಿ ಎಂದಾಗ ಶ್ರೀಮಂತ, "ಅದ್ಯಾಕ ಬೇಕು?" ಎಂದ. ವರ್ಷಾ ಸ್ಥಾವರಕ್ಕೆ ಬರೆದು ತರಿಸಿದಳು.

ಲಕೋಟೆ ಒಡೆದು ಓದಿದಳು. ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದಳು. ಸ್ಥಾವರದವರು ಅಂದೇ ಸರಿಯಾಗಿ ಬರೆದು, ಅವನಿಂದ ಸಹಿ ಹಾಕಿಸಿಕೊಂಡಿದ್ದರು. ಮುನ್ನೂರ ಇಪ್ಪತ್ತು.

"ಇದರಾಗ ಒಂದು ಸೊನ್ನಿ ಹೆಚ್ಚಾಗ್ಯದ" ಎಂದಳು.

ಅವನು ಕಾಗದದ ಕಡೆ ನೋಡಲೂ ಇಲ್ಲ. "ಹೆಚ್ಚಾಗಿಲ್ಲ. ಆವತ್ತ ನಾ ಕಮ್ಮಿ ಹೇಳಿದ್ದೆ."

"ಯಾಕ?"

"ಬಿಟ್ಟುಬಿಡು ಅಂತ ಹೇಳಾಕಂತೇ ಬಂದಿದ್ದೆ. ನಿನ್ನ ಮುಖ ನೋಡಿದ ಮ್ಯಾಲೆ ಆಗಲಿಲ್ಲ. ಖರೇ ಹೇಳಿದ್ರ ನೀ ಹೋಗ್ತಿದ್ದಿ."

"ಬರ್ತಿದ್ದೆ!" ಪಕ್ಕದ ಮಂಚದವರು ತಿರುಗಿ ನೋಡಿದರು. ಅವಳು ದನಿ ತಗ್ಗಿಸಿದಳು. "ಮುನ್ನೂರ ಇಪ್ಪತ್ತಕ್ಕೂ ಬರ್ತಿದ್ದೆ. ನೂರರಾಗ ಒಬ್ಬಿಬ್ಬರಿಗೆ ಈ ರೋಗ ಬರಬಹುದು ಅಂತ ತಿಳಕೊಂಡು, ಅಪ್ಪಗ ಅದನ್ನೇ ಹೇಳಿ ಬರ್ತಿದ್ದೆ. ಈಗ ನಾ ಅಪ್ಪಗ ಹೇಳಿದ್ದೂ ಝೂಟ ಆತು. ನಾ ಖುದ್ದ ಬಂದೆನೋ, ನೀವು ಮೋಸದಿಂದ ಕರಕೊಂಡು ಬಂದ್ರೋ, ನನಗೇ ತಿಳೀದಂಗ ಮಾಡಿದ್ರಿ."

ಅವನ ಅಣ್ಣನನ್ನು ಕರೆಸಿ ಆಸ್ಪತ್ರೆಯಲ್ಲಿ ಬಿಟ್ಟು ಅವಳು ಹುಮನಾಬಾದಿಗೆ ಹೊರಟುಹೋದಳು. ಅಪ್ಪನಿಗೆ ಎಲ್ಲ ಹೇಳಿದಳು. ಗುಂಡಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮುಂದ ಏನು ಮಾಡಬೇಕು ಅಂತ ನನ್ನ ಕೇಳಬ್ಯಾಡ" ಎಂದು ಗೋಡೆಯ ಕಡೆ ತಿರುಗಿಕೊಂಡ. "ಆವತ್ತ ನನಗ ತಿಳಿಯಲ್ಲ ಅಂದಿದ್ದೆ. ಇವತ್ತೂ ತಿಳಿಯಲ್ಲ."

ಎರಡು ದಿನ ಅವಳು ಕ್ಷಮಿಸಲು ನೋಡಿದಳು, ಆಗಲಿಲ್ಲ. ಬಿಟ್ಟುಬಿಡಲು ನೋಡಿದಳು, ಅದೂ ಆಗಲಿಲ್ಲ. ಮೂರನೆಯ ದಿನ ಅವ್ವ ಕಸ್ತೂರಿಬಾಯಿ ಮಾತಿಲ್ಲದೆ ರೊಟ್ಟಿಯ ಗಂಟನ್ನು ಕೈಗಿತ್ತಳು. ವರ್ಷಾ ಸೊಲ್ಲಾಪುರದ ಬಸ್ಸು ಹತ್ತಿದಳು.

ಅವನು ಬಾಗಿಲನ್ನೇ ನೋಡುತ್ತ ಮಲಗಿದ್ದ.

"ಸಿಟ್ಟು ಹೋಗಿಲ್ಲ. ಹೋಗ್ತದೋ ಇಲ್ಲೋ ಗೊತ್ತಿಲ್ಲ" ಎಂದು ಸ್ಟೂಲಿನ ಮೇಲೆ ಕೂತಳು. "ಆದ್ರ ಇನ್ನ ಮ್ಯಾಲೆ ಒಂದೂ ಸುಳ್ಳು ಬ್ಯಾಡ. ನೋವಾದ್ರ ನೋವು ಅನ್ರಿ. ಹೆದರಿಕಿ ಆದ್ರ ಹೆದರಿಕಿ ಅನ್ರಿ."

"ಹೆದರಿಕಿ ಆಗ್ಯದ, ವರ್ಷಾ."

ಆರು ವರ್ಷಗಳಲ್ಲಿ ಮೊದಲ ಸಲ ಅವನು ಆ ಮಾತು ಆಡಿದ್ದ. ಅವಳು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಆ ಪೈಪಿನಿಂದಲೇ ರೋಗ ಬಂತೇ? ಡಾಕ್ಟರು ಇರಬಹುದು ಎಂದರು, ಇರಲಿಕ್ಕಿಲ್ಲ ಎಂದೂ ಅಂದರು. ಅವರ ಉತ್ತರ ಕೊನೆಯವರೆಗೂ ಅಷ್ಟೇ ಆಗಿತ್ತು. ಅವನನ್ನು ಮನೆಗೆ ಕರೆತಂದ ಮೇಲೆ ಒಂದು ದಿನ ಅವಳು ಪೇಪರ್ ಓದಿ ಹೇಳಿದಳು. ದೇಶದಲ್ಲಿ ಯುರೇನಿಯಂ ಸಾಲದೆ ರಿಯಾಕ್ಟರುಗಳನ್ನು ಅರ್ಧಮರ್ಧ ನಡೆಸುತ್ತಿದ್ದಾರಂತೆ.

"ಈಗಲೂ ತೆರೀಬೇಕು ಅಂತೀರೇನು?"

"ಅಂತೀನಿ" ಎಂದ ಅವನು, ಉಸಿರು ಹಿಡಿದು. "ಹುಡುಗರಿಗೆ ಎರಡೂ ಕಲಿಸು. ತೆರೆದ್ರ ಯಾರಿಗೆ ಏನಾಗ್ತದ, ಮುಚ್ಚಿಟ್ಟರ ಮುಂದಿನವರಿಗೆ ಏನು ಬಿಟ್ಟು ಹೋಗ್ತೀವಿ, ಎಲ್ಲಾ ಹೇಳು. ನನ್ನಂಗ ಅರ್ಧ ಹೇಳಬ್ಯಾಡ."

ಮನೆಗೆ ಬಂದ ಮೇಲೆ ಅವನು ಇದ್ದದ್ದು ಏಳು ತಿಂಗಳು. ಕೊನೆಯ ವಾರದ ಒಂದು ಬೆಳಿಗ್ಗೆ ಅವಳು ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸುತ್ತಿದ್ದಳು.

"ವರ್ಷಾ, ಇವತ್ತ ಹ್ಯಾಂಗ ಕಾಣಾಕತ್ತೀನಿ?"

ಅವಳು ನೋಡಿದಳು. ಕೆನ್ನೆ ಒಳಗೆ ಹೋಗಿತ್ತು, ತುಟಿ ಒಡೆದಿತ್ತು.

"ನಿನ್ನಿಗಿಂತ ಬಡವಾಗೀರಿ."

"ಸುಳ್ಳಿಗಾದ್ರೂ ಚೆಂದ ಕಾಣ್ತೀರಿ ಅನಬಾರದೇನ?"

"ಚೆಂದ ಕಾಣವಲ್ರಿ." ಅವಳು ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿದಳು. "ಆದ್ರ ನಿಮ್ಮ ಮುಖದ ಮ್ಯಾಲಿಂದ ಕಣ್ಣು ತೆಗ್ಯಾಕ ಮನಸ್ಸಾಗವಲ್ದು."

ಅವನು ಸ್ವಲ್ಪ ಹೊತ್ತು ಅವಳ ಕಣ್ಣುಗಳಲ್ಲೇ ಹುಡುಕಿದ. ಅದು ಖರೇ ಎಂದು ತಿಳಿದ ಮೇಲೆ, ಅವಳು ಮತ್ತೆ ಒರೆಸಲೆಂದು ಮುಖವನ್ನು ಅವಳ ಕಡೆಗೆ ತಿರುಗಿಸಿದ.