ಏಳು ಅಂದರೆ ಏಳಲ್ಲ

"ಏಣಿ ಇಡ್ಕೊ."

ಮಾತು ಮೇಲಿನಿಂದ ಬಂತು. ಮುನಿಲಕ್ಷ್ಮಿ ರಾಟೆ ಬಿಟ್ಟು ಎದ್ದು ಹೋಗಿ ಏಣಿ ಹಿಡಿದಳು. ಹಿಡಿದ ಮೇಲೆ ಹೊಳೆಯಿತು, ಮಾತು ಕನ್ನಡದ್ದು ಎಂದು. ತಮಿಳುನಾಡಿನ ಎಡಪ್ಪಾಡಿಯ ಈ ಮಗ್ಗದ ಶೆಡ್ಡಿನಲ್ಲಿ ಆ ಭಾಷೆಯಲ್ಲಿ ಅವಳಿಗೆ ಯಾರೂ ಏನೂ ಹೇಳಿದ್ದಿಲ್ಲ.

ತಲೆಯೆತ್ತಿದಳು. ಕೇಬಲ್ ಕನೆಕ್ಷನ್ ಕೊಡಲು ಬಂದಿದ್ದ ವೇಣು ಏಣಿಯ ತುದಿಯಲ್ಲಿ ನಿಂತು, ಹಲ್ಲಿನಲ್ಲಿ ವೈರು ಕಚ್ಚಿಕೊಂಡು, ಕಣ್ಣಿನಲ್ಲಿ ನಗುತ್ತಿದ್ದ. ಸಿಕ್ಕಿಬಿದ್ದೆ ನೋಡು, ಅನ್ನುವ ಹಾಗೆ.

ತಪ್ಪು ಅವಳದೇ. ಸ್ವಲ್ಪ ಹೊತ್ತಿನ ಮುಂಚೆ ಅವಳು ನಕ್ಕಿದ್ದಳು.

ಶೆಡ್ಡಿನಲ್ಲಿ ಬೆಳಗಿನಿಂದ ಒಂದೇ ಮಾತು. ಐದು ವರ್ಷದ ಹಿಂದೆ ಅರ್ಧಕ್ಕೆ ನಿಂತಿದ್ದ 'ವಾನ್‌ಕೋಟೈ' ಅನ್ನುವ ತಮಿಳು ಸೀರಿಯಲ್, ಕೇಬಲ್‌ನ ಹೊಸ ಚಾನೆಲ್ಲಿನಲ್ಲಿ ಇನ್ನೊಂದು ತಿಂಗಳಿಗೆ ಮತ್ತೆ ಶುರುವಾಗುವುದಿತ್ತು. ಆಕಾಶದಲ್ಲಿ ತೇಲುವ ಕೋಟೆ. ಬೇರೆ ಗ್ರಹದ ರಾಣಿ ಇಯಾರಾ. ಅವಳ ಮೇಲೆ ಪ್ರಾಣವಿಟ್ಟುಕೊಂಡೂ ಬಾಯಿ ಬಿಡದ, ಆದವನ್ ಎಂಬ ಭೂಮಿಯ ಕ್ಯಾಪ್ಟನ್. ಕೊನೆಯ ಕಂತಿನಲ್ಲಿ ರಾಣಿ ಗಾಜಿನ ಗೋಡೆಯ ಆಚೆ ಸಿಕ್ಕಿಕೊಂಡು, ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ, ಕಣ್ಣು ತುಂಬಿಕೊಂಡು "ಏಳು... ಏಳು..." ಎಂದಿದ್ದಳು. ಅಲ್ಲಿಗೆ ಸೀರಿಯಲ್ ನಿಂತುಹೋಗಿತ್ತು.

ಅಲ್ಲಿಯವರೆಗೆ ಏನೇನೋ ಗ್ರಹದ ಭಾಷೆ ಆಡುತ್ತಿದ್ದ ರಾಣಿ, ಕೊನೆಗೆ ತಮಿಳಿನಲ್ಲಿ ಒಂದು ಸಂಖ್ಯೆ ಹೇಳಿದಳೆಂದೇ ಎಲ್ಲರೂ ತಿಳಿದಿದ್ದರು. ತಮಿಳಿನಲ್ಲೂ ಏಳು ಅಂದರೆ ಏಳೇ ಅಲ್ಲವೆ.

"ಏಳನೆ ಬಾಗಿಲು. ಅದನ್ನ ತೆಗೆದರೆ ಗಾಜು ಕರಗುತ್ತೆ," ಎನ್ನುತ್ತಿದ್ದ ನೇಕಾರ ಗೋವಿಂದನ್, ಲಾಳಿ ಓಡಿಸುತ್ತಲೇ.

"ಏಳು ವರ್ಷ ಕಾಯಬೇಕು ಅಂತ ಅರ್ಥ," ಎಂದರು ಶೆಡ್ಡಿನ ಯಜಮಾನರು ಸುಬ್ಬರಾಯನ್. "ಆದ್ರೆ ಹಳೆ ಹೀರೋ ಇಲ್ವಂತೆ. ಹೊಸಬನಿಗೆ ಮೀಸೆಯೇ ಇಲ್ಲ."

"ಮೀಸೆ ಇಲ್ಲದೋನು ಕ್ಯಾಪ್ಟನ್ನಾ? ಮುಖ ನೋಡಿದ್ರೆ ಈಗ ತಾನೆ ಆವಿಯಿಂದ ಇಳಿಸಿದ ಇಡ್ಲಿ."

"ರಾಣಿ ಅವಳೇ. ಸ್ವಲ್ಪ ದಪ್ಪ ಆಗಿದಾಳೆ ಅಂತ ಕೇಳ್ದೆ."

"ಐದು ವರ್ಷ ಗಾಜಿನ ಹಿಂದೆ ನಿಂತಿದ್ದಾಳೆ ಅಣ್ಣಾ, ಓಡಾಟ ಎಲ್ಲಿ?" ಎಂದ ಗೋವಿಂದನ್. ಆಮೇಲೆ ಮೇಲೆ ನೋಡಿ, "ಏನು ಕೇಬಲ್ ತಂಬಿ, ನೀನು ಹೇಳು. ಏಳು ಅಂದ್ರೆ ಏನು?"

ವೇಣು ವೈರು ಎಳೆಯುತ್ತಲೇ ಇದ್ದ. ತುಟಿಯ ಒಂದು ಮೂಲೆ ಮಾತ್ರ ಎದ್ದಿತು. ಅದೇ ಗಳಿಗೆಯಲ್ಲಿ, ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುನಿಲಕ್ಷ್ಮಿಯ ತುಟಿಯ ಮೂಲೆಯೂ ಎದ್ದಿತ್ತು. ಒಬ್ಬರನ್ನೊಬ್ಬರು ನೋಡಿದರು.

ಆ ಮೇಲೆ ಅವನು ಮೆಲ್ಲಗೆ ಗಾಳ ಇಳಿಬಿಟ್ಟ. ಏಣಿ ಇಡ್ಕೊ, ಅಂತ.

*

ಮುನಿಲಕ್ಷ್ಮಿಯ ಊರು ಮೆಟ್ಟೂರಿನ ಹತ್ತಿರ. ಅಲ್ಲಿ ಎಲ್ಲರ ಮನೆಮಾತೂ ಕನ್ನಡ. ಆ ಕೊನೆಯ ಕಂತನ್ನು ಅವಳು ಪಂಚಾಯಿತಿ ಟೀವಿಯ ಮುಂದೆ ಇಡೀ ಊರಿನ ಜೊತೆ ನೋಡಿದ್ದಳು. ರಾಣಿ "ಏಳು" ಎಂದಾಗ ಯಾರೂ ಬಾಗಿಲು ಎಣಿಸಿರಲಿಲ್ಲ. ಅಜ್ಜಿ ಮುತ್ಯಾಲಮ್ಮ ಎಲೆಯಡಿಕೆ ಉಗಿದು, "ಕೇಳ್ತಾವ್ಳೆ ಮಗಾ, ಏಳ್ಬಾರ್ದಾ ಆ ಮೂಗ?" ಎಂದು ಕ್ಯಾಪ್ಟನ್‌ಗೆ ಬೈದಿದ್ದಳು. ಹಕಾರ ನುಂಗುವ ಆ ಊರಿನ ಮಾತಿನಲ್ಲಿ ಏಳು ಎಂದರೆ ಹೇಳು. ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳು. ಅದರಲ್ಲಿ ಒಡೆಯಲಿಕ್ಕೆ ಒಗಟೇನಿತ್ತು?

ಅದು ಬೇರೆಯವರಿಗೆ ತಿಳಿಯುವುದಿಲ್ಲ ಎಂದು ಗೊತ್ತಾದದ್ದು ಎಡಪ್ಪಾಡಿಗೆ ಬಂದ ಮೇಲೆ.

ಅವಳು ಏಳನೆ ಕ್ಲಾಸಿಗೇ ಪೇಟೆಯ ತಮಿಳು ಶಾಲೆ ಬಿಟ್ಟವಳು. ಟೀಚರ್ ಏನೋ ಕೇಳಿದಾಗ ಗಾಬರಿಯಲ್ಲಿ ಕನ್ನಡ ಬಾಯಿಗೆ ಬಂದು, ಇಡೀ ಕ್ಲಾಸು ನಕ್ಕಿತ್ತು. ಮಾರನೆ ದಿನವೂ ನಕ್ಕಿತ್ತು. ಆಮೇಲೆ ಅವಳು ಹೋಗಲಿಲ್ಲ. ಇಲ್ಲಿ ದೊಡ್ಡಮ್ಮ ಮಂಗಮ್ಮನ ಮನೆಯಲ್ಲಿದ್ದು, ಅವಳ ಜೊತೆಯೇ ಶೆಡ್ಡಿಗೆ ಬರುತ್ತಿದ್ದಳು. ದೊಡ್ಡಮ್ಮನ ಕಟ್ಟಳೆ ಒಂದೇ: "ಒಸಿಲು ದಾಟಿದ್ರೆ ತಮಿಳು. ಬಾಯ್ಗೆ ಬರ್ದಿದ್ರೆ ಸುಮ್ಕಿರು."

ಸುಮ್ಮನಿದ್ದಳು. ಶೆಡ್ಡಿನವರು ಅವಳಿಗೆ ಊಮಚ್ಚಿ ಎಂದು ಹೆಸರಿಟ್ಟಿದ್ದರು. ತಮಿಳಿನಲ್ಲಿ ಹಾಗೆಂದರೆ ಮೂಗಿ.

*

ಕನೆಕ್ಷನ್ ಕೊಟ್ಟ ಮೇಲೂ ವೇಣು ಬರುವುದನ್ನು ಬಿಡಲಿಲ್ಲ. ಹೆಗಲ ಮೇಲೆ ಏಣಿ, ಸೊಂಟದಲ್ಲಿ ಕಟಿಂಗ್ ಪ್ಲೇಯರ್.

"ಪಿಕ್ಚರ್ ಎಂಗೈತೆ?" ಎಂದು ಬಗ್ಗಿ ಕೇಳುತ್ತಿದ್ದ, ಮಗ್ಗಗಳ ಸದ್ದಿನ ಮರೆಯಲ್ಲಿ.

"ಚೆನ್ನಾಗೈತೆ."

"ಚೆನ್ನಾಗಿಲ್ಲ ಅನ್ನು. ಚೆನ್ನಾಗಿದ್ರೆ ನಂಗೇನ್ ಕೆಲ್ಸ ಇಲ್ಲಿ?"

ಅವಳು ನೂಲಿನ ಎಳೆಯನ್ನು ಬೆರಳಿನ ನಡುವೆ ಹಿಡಿದು, ಕಣ್ಣು ಮೇಲೆತ್ತದೆ, "ಚುಕ್ಕಿ ಚುಕ್ಕಿ ಬತ್ತೈತೆ," ಎನ್ನುತ್ತಿದ್ದಳು.

"ಅಂಗನ್ನು."

ಅವನು ಹರೂರಿನ ಕಡೆಯವನು. ತಾಯಿ ಕನ್ನಡದಲ್ಲೇ ಬೈದು ಬೆಳೆಸಿದ ಹುಡುಗ. ಇಲ್ಲಿ ರೂಮು ಹಿಡಿಯುವಾಗ ತಾನು ತಮಿಳನೇ ಎಂದಿದ್ದ. "ಆಡ್ದೆ ಆಡ್ದೆ ನಾಲ್ಗೆ ತುಕ್ಕಿಡ್ದೈತೆ ಅಮ್ಮಿ. ನಿನ್ ಮುಂದೆ ಸ್ವಲ್ಪ ಉಜ್ಕೊಂಡ್ ಓಯ್ತೀನಿ." ಆ ರಾಣಿ ಪಾತ್ರದ ನಟಿಯ ಅಜ್ಜಿಯೂ ನಮ್ಮ ಕಡೆಯವಳೇ ಇರಬೇಕು ಎನ್ನುವುದು ಅವನ ವಾದ. ತಮಿಳಲ್ಲದ್ದು ಏನಾದರೂ ಅನ್ನಮ್ಮಾ ಎಂದು ಡೈರೆಕ್ಟರು ಹೇಳಿದಾಗ, ಅಳುವ ಗಳಿಗೆಯಲ್ಲಿ ಬೇರೇನು ಬಂದೀತು ಬಾಯಿಗೆ?

"ನಿನ್ ಎಸ್ರೇನು? ಏಳು," ಎಂದ ಒಂದು ದಿನ, ಗೊತ್ತಿದ್ದೂ.

"ಎಂಟು," ಎಂದಳು ಮುನಿಲಕ್ಷ್ಮಿ.

ಅವನು ಏಣಿ ಅಲುಗಾಡುವಷ್ಟು ನಕ್ಕ. ಗೋವಿಂದನ್ ತಿರುಗಿ ನೋಡಿದ. ಊಮಚ್ಚಿ ತಲೆ ತಗ್ಗಿಸಿ ನೂಲು ಸುತ್ತುತ್ತಿದ್ದಳು. ಅವಳ ಕಿವಿ ಮಾತ್ರ ಕೆಂಪಗಾಗಿತ್ತು.

ಅಂದಿನಿಂದ ಅದೇ ಆಟ. ಊಟ ಆಯ್ತಾ, ಏಳು. ಎಂಟು. ಈ ದಾವಣಿ ಯಾವಾಗ ತಗೊಂಡೆ, ಏಳು. ಎಂಟು. ನನ್ನ ನೆನೆಸ್ಕೊಂಡ್ಯಾ ನೆನ್ನೆ, ಏಳು.

ಆ ದಿನ ಅವಳು ಎಂಟು ಎನ್ನಲು ತಡ ಮಾಡಿದಳು. ಅವನು ಆ ತಡವನ್ನು ಕಂಡುಕೊಂಡ. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

*

ಅಷ್ಟರಲ್ಲಿ ದೊಡ್ಡಮ್ಮ ಗಂಡು ಗೊತ್ತು ಮಾಡಿದಳು. ನೂಲಿನ ಅಂಗಡಿಯವರ ಮಗ. ಹುಡುಗನ ತಾಯಿ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿ, ಏನೇನೋ ಕೇಳಿ, ಎಲ್ಲಕ್ಕೂ ತಲೆಯಾಡಿಸಿದ ಹುಡುಗಿಯನ್ನು ಮೆಚ್ಚಿಕೊಂಡು, "ಪೇಸಾದ ಪೊಣ್ಣು. ಇದು ಪೋದುಂ," ಎಂದು ಎದ್ದು ಹೋದಳು. ಮಾತಾಡದ ಹುಡುಗಿ, ಇಷ್ಟೇ ಸಾಕು, ಅಂತ.

"ನಂಗೆ ಬ್ಯಾಡ ದೊಡ್ಡವ್ವಾ," ಎನ್ನಬೇಕೆಂದು ಮುನಿಲಕ್ಷ್ಮಿ ಒಲೆಯ ಮುಂದೆ ಕೂತಿದ್ದಳು. ಮಂಗಮ್ಮ ಅವಳ ತಲೆಗೆ ಎಣ್ಣೆ ಹಚ್ಚುತ್ತ, "ನೀನು ಬಾಯಿ ಬಿಡ್ದಿದ್ದದ್ದೇ ಒಳ್ಳೇದಾಯ್ತು ಕಣೆ," ಎಂದಳು. ಆ ಕೈಯಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ, ಗಂಟಲಿಗೆ ಬಂದ ಮಾತು ಅಲ್ಲೇ ಕೂತಿತು.

ವೇಣುವಿಗೆ ಹೇಳಿದಳು. ಭಾನುವಾರ ಸಾಯಂಕಾಲ ಎಲೆಯಡಿಕೆ ಬದಲಾಯಿಸುತ್ತಾರೆ, ಎಂದು.

"ನೀನೇನಂದೆ?"

"ಏನೂ ಅನ್ಲಿಲ್ಲ."

"ಅವ್ರಿಗೆ ಬೇಕಾಗಿರೋದೂ ಅದೇ ಅಲ್ವಾ?"

ಮಾತು ಚುಚ್ಚಿತು. ಅವನಿಗೂ ಚುಚ್ಚಿತೇನೋ, ದನಿ ತಗ್ಗಿಸಿದ. "ನಿಮ್ಮ ದೊಡ್ಡಮ್ಮನ್ನ ನಾನು ಬಂದು ಕೇಳ್ತೀನಿ. ಒದ್ರೂ ಒದಿಲಿ. ಆದ್ರೆ ನಿಂಗೆ ನಾನು ಬೇಕಾ ಬ್ಯಾಡ್ವಾ, ಅದು ನಿನ್ ಬಾಯಿಂದ ಬರ್ಬೇಕು. ಆಟಕ್ಕಲ್ಲ ಲಕ್ಷ್ಮಿ. ಏಳು."

ಅವಳು ಬಾಯಿ ತೆರೆದಳು. ಎಂಟು ಬರಲಿಲ್ಲ. ಬೇರೆಯದೂ ಬರಲಿಲ್ಲ. ಬಂದದ್ದು ಆ ಹಳೆಯ ಕ್ಲಾಸಿನ ನಗು, ಕಿವಿಯ ತುಂಬ.

ವೇಣು ಕಾದ. ಆಮೇಲೆ ಏಣಿ ಹೆಗಲಿಗೇರಿಸಿಕೊಂಡು ಹೊರಟುಹೋದ.

*

ಸೀರಿಯಲ್ ಮತ್ತೆ ಶುರುವಾಗುವುದೂ ಆ ಭಾನುವಾರ ಸಾಯಂಕಾಲವೇ. ಶೆಡ್ಡಿನಲ್ಲಿ ಮಗ್ಗಗಳು ನಿಂತಿದ್ದವು. ಬೀದಿಗೆ ಬೀದಿಯೇ ಸುಬ್ಬರಾಯನ್ ಅವರ ಕಲರ್ ಟೀವಿಯ ಮುಂದೆ ಕೂತಿತ್ತು. ಗಂಡಿನ ತಾಯಿಗೂ ವಾನ್‌ಕೋಟೈ ಎಂದರೆ ಪ್ರಾಣ. ಸೀರಿಯಲ್ ನೋಡಿಕೊಂಡೇ ಮನೆಗೆ ಹೋಗೋಣ, ಎಲೆಯಡಿಕೆ ಎಲ್ಲಿಗೆ ಓಡಿಹೋಗುತ್ತೆ, ಎಂದು ಮುಂದಿನ ಚಾಪೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮಂಗಮ್ಮ. ಅವಳ ಹಿಂದೆ, ಹೂ ಮುಡಿದ ಮುನಿಲಕ್ಷ್ಮಿ.

ಟೈಟಲ್ ಬರುವ ಹೊತ್ತಿಗೇ ಪಿಕ್ಚರ್ ಉರುಳತೊಡಗಿತು. ವೇಣುವನ್ನು ಕರೆದುಕೊಂಡು ಬಂದರು. ಅವನು ಅವಳ ಕಡೆ ನೋಡದೆ ಏಣಿ ಹತ್ತಿ, ಜಾಯಿಂಟನ್ನು ಬೆರಳಲ್ಲಿ ಒತ್ತಿ ಹಿಡಿದ. ಪಿಕ್ಚರ್ ನಿಂತಿತು.

"ಕೈ ಬಿಟ್ಟುಬಿಟ್ಟೀಯಾ, ಹುಷಾರು," ಎಂದರು ಸುಬ್ಬರಾಯನ್.

ಅದೇ ಗಾಜಿನ ಗೋಡೆ. ರಾಣಿ ಇಯಾರಾ ನಿಜಕ್ಕೂ ದಪ್ಪಗಾಗಿದ್ದಳು, ಆದರೆ ಕಣ್ಣು ಅವೇ. ಅಂಗೈ ಗಾಜಿಗೊತ್ತಿದಳು. "ಏಳು," ಎಂದಳು. ಶೆಡ್ಡು ಉಸಿರು ಹಿಡಿಯಿತು.

ಮೀಸೆಯಿಲ್ಲದ ಹೊಸ ಕ್ಯಾಪ್ಟನ್ ಅವಳನ್ನು ನೋಡಿದ. ಹುಬ್ಬು ಗಂಟಿಕ್ಕಿದ. ಥಟ್ಟನೆ ಹೊಳೆದವನಂತೆ ತಿರುಗಿ, ಉದ್ದನೆಯ ಓಣಿಯ ಬಾಗಿಲುಗಳನ್ನು ಎಣಿಸುತ್ತ ಓಡಿದ. ಏಳನೆಯದನ್ನು ಒದ್ದು ತೆಗೆದ. ಒಳಗಿಂದ ಬೆಳಕು ನುಗ್ಗಿತು.

"ನಾನ್ ಸೊನ್ನೇನ್‌ಲ?" ಗೋವಿಂದನ್ ಎದ್ದು ನಿಂತು ಎದೆ ಬಡಿದುಕೊಂಡ. ನಾನು ಹೇಳಲಿಲ್ಲವಾ? ಎಲ್ಲರೂ ಚಪ್ಪಾಳೆ ತಟ್ಟಿದರು.

ಮುನಿಲಕ್ಷ್ಮಿ ಮಾತ್ರ ಪರದೆಯ ಮೂಲೆಯನ್ನು ನೋಡುತ್ತಿದ್ದಳು. ಅಲ್ಲಿ, ಬೆಳಕಿನ ಆಚೆ, ಆ ಹೆಂಗಸು ಇನ್ನೂ ಗಾಜಿಗೆ ಕೈಯೊತ್ತಿ ನಿಂತಿದ್ದಳು. ತುಟಿ ಇನ್ನೂ ಆಡುತ್ತಿತ್ತು. ಏಳು.

ಅವಳಿಗೆ ಸಿಟ್ಟು ಬಂತು. ಕ್ಯಾಪ್ಟನ್ ಮೇಲೆ. ಬಾಗಿಲುಗಳ ಮೇಲೆ. ತಲೆಯಾಡಿಸಿದ ತನ್ನ ತಲೆಯ ಮೇಲೆ.

ಎದ್ದು ನಿಂತಳು.

"ಏಳು ಅಂದರೆ ಏಳಲ್ಲ," ಎಂದಳು ತಮಿಳಿನಲ್ಲಿ, ಶೆಡ್ಡಿನ ಹಿಂದಿನ ಗೋಡೆಗೂ ಕೇಳುವ ಹಾಗೆ. "ಅವಳು ಬಾಗಿಲು ಕೇಳ್ತಾ ಇಲ್ಲ. ಹೇಳು ಅಂತಿದ್ದಾಳೆ. ಐದು ವರ್ಷದಿಂದ ಅದೊಂದನ್ನೇ ಕೇಳ್ತಿದ್ದಾಳೆ. ಇವನು ಬಾಗಿಲು ಎಣಿಸ್ತಿದ್ದಾನೆ."

ಎಲ್ಲ ಮುಖಗಳೂ ತಿರುಗಿದವು. ಗೋವಿಂದನ್ ಬಾಯಿ ತೆರೆದೇ ಇತ್ತು. "ಹುಡುಗಿ, ನೀನು... ಯಾವ ಭಾಷೆಯಲ್ಲಿ ಹೇಳು ಅಂತಿದ್ದಾಳೆ?"

"ನಮ್ಮ ಭಾಷೆಯಲ್ಲಿ."

"ಆ ಗ್ರಹಕ್ಕೂ ನಿನಗೂ ಏನು ಸಂಬಂಧ?"

"ಗ್ರಹ ಅಲ್ಲ, ಮೆಟ್ಟೂರು. ಅದು ಕನ್ನಡ."

ಯಾರೋ ನಕ್ಕರು. ಅವಳು ಕಾದಳು, ನೆಲ ಬಿರಿಯಬಹುದೆಂದು. ಬಿರಿಯಲಿಲ್ಲ. ನಗು ಮುಗಿಯಿತು, ಅವಳು ನಿಂತೇ ಇದ್ದಳು. ಇಷ್ಟೇನಾ ಅದು, ಅನ್ನಿಸಿತು. ಇಷ್ಟಕ್ಕೇನಾ ನಾನು ಶಾಲೆ ಬಿಟ್ಟದ್ದು?

ಗಂಡಿನ ತಾಯಿ ಮಂಗಮ್ಮನತ್ತ ತಿರುಗಿದಳು. "ಪೇಸಾದ ಪೊಣ್ಣುನ್ನೀಂಗಳೇ?" ಮಾತಾಡದ ಹುಡುಗಿ ಅಂದಿರಲ್ಲ, ಅಂತ.

ಮಂಗಮ್ಮ ದಾವಣಿಯ ಸೆರಗು ಹಿಡಿದು ಎಳೆದಳು, ಕೂತ್ಕೋ ಎಂದು. ಮುನಿಲಕ್ಷ್ಮಿ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಮಾತಾಡ್ತೀನಮ್ಮಾ. ತುಂಬ ಮಾತಾಡ್ತೀನಿ. ನಿಮ್ಮ ಮನೆಗೆ ನಾನು ಆಗಿಬರಲ್ಲ."

ಆಮೇಲೆ ಏಣಿಯ ಕಡೆ ನಡೆದಳು. ಬೀದಿಯವರು ಕಾಲು ಮಡಚಿಕೊಂಡು ದಾರಿ ಬಿಟ್ಟರು. ಅವನು ಮೇಲೆ, ಜಾಯಿಂಟು ಹಿಡಿದುಕೊಂಡು, ಇಳಿಯಲಾರದೆ ನಿಂತಿದ್ದ. ಅವಳು ತಲೆಯೆತ್ತಿ, ಇಷ್ಟು ದಿನ ಮಗ್ಗದ ಸದ್ದಿನಲ್ಲಿ ಬಚ್ಚಿಟ್ಟ ಮಾತನ್ನು ಎಲ್ಲರ ನಡುವೆ ಆಡಿದಳು.

"ಏಳು ಅಂದ್ಯಲ್ಲ? ಕೇಳ್ಕೊ. ನೆನೆಸ್ಕೊತೀನಿ. ದಿನಾ ನೆನೆಸ್ಕೊತೀನಿ. ನಂಗೆ ನೀನೇ ಬೇಕು. ಈಗ ನೀನೇಳು."

ವೇಣುವಿನ ಕೈ ಜಾರಿತು. ಟೀವಿಯಲ್ಲಿ ಕ್ಯಾಪ್ಟನ್ನೂ ಏಳನೆ ಬಾಗಿಲೂ ಕರಗಿ, ಬಿಳಿ ಚುಕ್ಕಿಗಳು ಕುಣಿಯತೊಡಗಿದವು. ಊರಿಗೆಲ್ಲ ಮಾತು ಹಂಚುತ್ತಿದ್ದ ಹುಡುಗನಿಗೆ ನಾಲಗೆ ಅಂಟಿಕೊಂಡಿತ್ತು.

"ಎಂಟು," ಎಂದ, ತೊದಲಿ.

ಮುನಿಲಕ್ಷ್ಮಿ ನಕ್ಕಳು. ಆ ಶೆಡ್ಡು ಅವಳ ನಗುವನ್ನು ಅದೇ ಮೊದಲು ಕೇಳಿದ್ದು. "ಸರ್ಯಾಗೇಳು."

ಅವನು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲೇ ಹೇಳಿದ. "ನಾನೂ ಅದೇ ಗ್ರಹದವನು. ಹರೂರು ಕಡೆ. ಕಟ್ಟಿಕೊಂಡರೆ ಇವಳನ್ನೇ." ಆಮೇಲೆ ಅವಳಿಗೊಬ್ಬಳಿಗೆ, ತುಕ್ಕು ಬಿಟ್ಟ ನಾಲಗೆಯಲ್ಲಿ: "ನೀನಂದ್ರೆ ನಂಗೆ ಪ್ರಾಣ ಕಣಮ್ಮಿ. ಏಳಿವ್ನಿ, ಸಾಕಾ?"

ಗಂಡಿನ ತಾಯಿ ಸೆರಗು ಕೊಡವಿ ಎದ್ದು ಹೋದಳು. ಸುಬ್ಬರಾಯನ್ ಹಣೆ ಒತ್ತಿಕೊಂಡು, "ಪ್ರಾಣ ಆಮೇಲೆ ಕೊಡು ತಂಬಿ, ಮೊದ್ಲು ಪಿಕ್ಚರ್ ಕೊಡು," ಎಂದರು.

"ಅದೆಲ್ಲ ಇರ್ಲಿ," ಎಂದ ಗೋವಿಂದನ್, ಬಾಗಿಲು ಕಳೆದುಕೊಂಡ ಸಂಕಟದಲ್ಲಿ. "ಎಂಟು ಅಂದ್ರೇನು?"

ವೇಣು ಅವಳನ್ನೇ ನೋಡುತ್ತ ಮೆಟ್ಟಿಲು ನೋಡದೆ ಇಳಿಯುತ್ತಿದ್ದ. ಏಣಿ ಒಂದು ಕಡೆ ವಾಲಿತು.

ಹಿಂದಿನಿಂದ ಮಂಗಮ್ಮನ ದನಿ ಬಂತು. ಅಳುವೋ ಸಿಟ್ಟೋ ತಿಳಿಯದ ದನಿ. ಹೊಸಿಲು ದಾಟಿದ ಮೇಲೆ ಅವಳು ಎಂದೂ ಆಡದ ಭಾಷೆ.

"ಕಣ್ಣೆಲ್ಲಿಕ್ಕಿದ್ದೀಯೆ ಮುನಿ? ಬಿದ್ಗಿದ್ದಾನು. ಎಲ್ಡೂ ಕೈಲಿ ಇಡ್ಕೊಳೇ."

ಮುನಿಲಕ್ಷ್ಮಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.