ಒಲೆಗೊಂದು ಜಾಗ

೧೯೨೫ನೆಯ ಇಸವಿ ಮಾರ್ಚ್ ೯, ಸೋಮವಾರ. ಮಧ್ಯಾಹ್ನದ ಹೊತ್ತಿಗೆ ಕಂಪ್ಲಿ ಠಾಣೆಯ ಕಟ್ಟೆ ಹತ್ತಿ ಬಂದವನ ಧೋತರದ ಅಂಚು ರಕ್ತದಲ್ಲಿ ನೆಂದಿತ್ತು. ಹೆಸರು ವಿರುಪಾಕ್ಷಪ್ಪ, ಹೊಳೆಗೇರಿಯ ಜಡೆಪ್ಪನ ಮಗ. ಬಂದವನೇ ಕಂಬ ಹಿಡಿದು ಕುಸಿದು ಕೂತ.

"ನಮ್ಮಪ್ಪನ್ನ ಹೊಡದು ಹಾಕ್ಯಾರ್ರಿ ಸಾಹೇಬ್ರ. ಬಾಳಿ ತ್ವಾಟದಾಗ ಬಿದ್ದಾನ. ಮುಖಾನ ಉಳಿದಿಲ್ಲ."

ಸಬ್ ಇನ್‌ಸ್ಪೆಕ್ಟರ್ ಉಜ್ಜಿನಪ್ಪ ಸೋಮವಾರದ ಪೂಜೆ ಮುಗಿಸಿ ಆಗಷ್ಟೇ ಠಾಣೆಗೆ ಮರಳಿದ್ದ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅವನು ನೀರು ತರಿಸಿ ಕುಡಿಸಿದ. ಆಮೇಲೆ ಕೇಳಿದ.

"ಯಾರು ನೋಡಿದ್ರು?"

"ಎಲಿ ಕೊಯ್ಯಾಕ ಹೋದ ಆಳುಮಕ್ಕಳು."

"ಯಾರ ಮ್ಯಾಲರ ಅನುಮಾನ?"

"ಸುಂಕಪ್ಪ. ಹರಿಗೋಲು ಹಾಕ್ತಾನಲ್ರಿ, ಅವ್ನ. ನನ್ನ ಒಲಿ ಒಡದಂಗ ನಿನ್ನ ತಲಿ ಒಡೀತೀನಿ ಅಂತ ನಿನ್ನೆ ಸಂಜಿಗೆ ಮಂದಿ ಮುಂದ ಅಂದಾನ."

"ನಿಮ್ಮಪ್ಪ ಅವನ ಒಲಿ ಒಡದಿದ್ದನಾ?"

ವಿರುಪಾಕ್ಷಪ್ಪ ನೆಲ ನೋಡಿದ. "ಕೇರ್ಯಾಗ ಯಾರ ಒಲಿ ಯಾರು ಒಡದಿಲ್ಲ, ಕೇಳ್ರಿ."

ಎಫ್.ಐ.ಆರ್. ದಾಖಲಾಯಿತು. ಕಲಂ ೩೦೨, ಕೊಲೆ.

ಒಲೆಗಳ ಕತೆ ಉಜ್ಜಿನಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ಮಳೆಗಾಲದಲ್ಲಿ ಹೊಳೆ ಏರಿ ಬಂದು ಕೇರಿಯ ಅರ್ಧ ಗೋಡೆಗಳನ್ನು ನೆಕ್ಕಿಕೊಂಡು ಹೋಗಿತ್ತು. ಹೊಳೆದಂಡೆಯವರನ್ನೆಲ್ಲ ಮೇಲಿನ ದಿಬ್ಬಕ್ಕೆ ಸಾಗಿಸಬೇಕು, ಕುಟುಂಬಕ್ಕೊಂದು ಜಾಗ, ತೊಲೆ ಹೆಂಚು ಸರ್ಕಾರದ್ದು ಎಂದು ಮದರಾಸಿನಿಂದ ಹುಕುಂ ಬಂತು. ಕುಟುಂಬ ಎಂದರೆ ಯಾವುದು ಎಂಬುದು ಮಾತ್ರ ಹುಕುಮಿನಲ್ಲಿ ಇರಲಿಲ್ಲ. ಜಿಲ್ಲೆಯವರು ಅದನ್ನು ತಾಲ್ಲೂಕಿನವರ ವಿವೇಚನೆಗೆ ಬಿಟ್ಟರು. ತಾಲ್ಲೂಕಿನವರು ಕೂತು ಯೋಚಿಸಿ, ಒಂದು ಒಲೆ ಅಂದರೆ ಒಂದು ಕುಟುಂಬ ಎಂದು ತೀರ್ಮಾನಿಸಿದರು. ಎಣಿಕೆಯ ದಿನ ಹೊತ್ತು ಮೂಡುವಾಗ ಯಾರ ಒಲೆ ಉರಿಯುತ್ತಿರುತ್ತದೋ ಅವರಿಗೆ ಜಾಗ. ಮೋಸ ಆಗಬಾರದೆಂದು ಇನ್ನೊಂದು ಕಟ್ಟು ಹಾಕಿದರು: ಒಂದು ಹಳೆ ಮನೆಗೆ ಎರಡಕ್ಕಿಂತ ಹೆಚ್ಚು ಒಲೆ ಒಪ್ಪುವುದಿಲ್ಲ.

ಇದು ಕೇರಿಗೆ ತಿಳಿದದ್ದೇ ಅಣ್ಣತಮ್ಮಂದಿರು ಬೇರೆಯಾದರು. ಒಂದೇ ಗಂಗಾಳದಲ್ಲಿ ಉಂಡವರು ರಾತ್ರಿ ಎಚ್ಚರವಿದ್ದು ತಂತಮ್ಮ ಒಲೆ ಕಾದರು. ದಿಬ್ಬದ ಜಾಗ ಎಲ್ಲರಿಗೂ ಸಾಲದು ಎಂಬ ಮಾತು ಎದ್ದ ಮೇಲೆ ಒಲೆ ಒಡೆಯುವುದು ಶುರುವಾಯಿತು. ಇಬ್ಬರ ತಲೆ ಬಿರಿದಿತ್ತು. ಒಬ್ಬಾಕೆಯ ಕೈಮೇಲೆ ಅವಳ ನಾದಿನಿಯೇ ಕುದಿಯುವ ಅಂಬಲಿ ಸುರಿದಿದ್ದಳು. ಅದಕ್ಕೇ ಈ ಬೆಳಗಿನ ಎಣಿಕೆಗೆ ಕಾನ್‌ಸ್ಟೇಬಲ್ ಜಂಬಪ್ಪ ಬಂದೋಬಸ್ತಿಗೆ ಹೋಗಿದ್ದ.

"ಗಲಾಟಿ ಇಲ್ಲದಂಗ ಮುಗೀತು ಅಂದ್ಯಲ್ಲೋ," ಉಜ್ಜಿನಪ್ಪ ದಾರಿಯಲ್ಲಿ ಕೇಳಿದ.

"ಮುಗೀತ್ರಿ. ಜಡೆಪ್ಪ ಎಲ್ಲಿ ಅಂತ ಎಣಿಕಿಗೆ ಬಂದ ರೆವಿನ್ಯೂ ಸಾಹೇಬ್ರು ಕೇಳಿದ್ರು. ಹೊಲದ ಕಡಿ ಹೋಗ್ಯಾನ ಅಂದ್ರು. ಅಂವ ಇಲ್ಲದ್ದಕ್ಕ ಗಲಾಟಿ ಆಗಲಿಲ್ಲ ಅಂತ ನಾ ಶಿವನ ನೆನದೆ."

ಬಾಳೆ ತೋಟ ಜಡೆಪ್ಪನ ದನದ ಕೊಟ್ಟಿಗೆಯ ಬೆನ್ನಿಗೇ ಇತ್ತು. ಪಂಚರನ್ನು ನಿಲ್ಲಿಸಿ ಉಜ್ಜಿನಪ್ಪ ಪಂಚನಾಮೆಗೆ ಕೂತ. ಹಣೆಯಿಂದ ದವಡೆಯ ತನಕ ಎಲುಬು ಜಜ್ಜಿ ಒಳಕ್ಕೆ ಹೋಗಿತ್ತು. ಒಂದು ಕಣ್ಣು ಇರಬೇಕಾದಲ್ಲಿ ಇರಲಿಲ್ಲ. ಹಲ್ಲುಗಳು ಗಂಟಲಲ್ಲಿದ್ದವು. ಕೊಂದವರು ಒಂದು ಏಟಿಗೆ ನಿಲ್ಲಿಸಿರಲಿಲ್ಲ. ಬೇರೆ ಕಡೆ ಕೊಂದು ಎಳೆದು ತಂದ ಗುರುತು ಮಣ್ಣಿನಲ್ಲಿತ್ತು. ಅದು ಕೇರಿಯ ಕಡೆ ಹೋಗಿ, ದನಗಳು ತುಳಿದ ಹೆಜ್ಜೆಗಳಲ್ಲಿ ಕಳೆದುಹೋಗಿತ್ತು.

ಗಾಯದ ಅಂಚಿನಲ್ಲಿ ರಕ್ತಕ್ಕಿಂತ ಕಪ್ಪಾದ್ದೇನೋ ಮೆತ್ತಿತ್ತು. ಉಜ್ಜಿನಪ್ಪ ಬೆರಳಲ್ಲಿ ತಿಕ್ಕಿ ನೋಡಿದ. ಮಸಿ.

ಅವನನ್ನು ತಡೆದು ನಿಲ್ಲಿಸಿದ್ದು ಬೇರೆ. ಹೆಣದ ಎಡ ಅಂಗೈಯಲ್ಲಿ ಇಷ್ಟಲಿಂಗವಿತ್ತು. ಕೊರಳ ಕರಡಿಗೆ ಬಿಚ್ಚಿ, ಲಿಂಗ ತೆಗೆದು, ಲಿಂಗವಂತರ ಹೆಣಕ್ಕೆ ಮಾಡುವಂತೆ ಅಂಗೈಯಲ್ಲಿಟ್ಟು ಬೆರಳು ಮಡಿಸಿದ್ದರು. ಮುಖದ ಮೇಲೆ ಬಾಳೆ ಎಲೆ ಮುಚ್ಚಿದ್ದರು.

"ಹೆಣ ಕಂಡ ಆಳುಗಳು ಇಟ್ರೇನು?"

"ಅವ್ರು ಚೀರಿಕೊಂಡು ಓಡಿ ಬಂದಾರ್ರಿ. ಮುಟ್ಟಿಲ್ಲ," ಎಂದ ಜಂಬಪ್ಪ.

ಮುಖ ಜಜ್ಜಿದ ಕೈಯೇ ಲಿಂಗವನ್ನೂ ಇಟ್ಟಿದೆ. ಉಜ್ಜಿನಪ್ಪನ ಬಾಯಲ್ಲಿ ತಾನಾಗಿ ಶಿವನ ಹೆಸರು ಬಂತು. ಹೆಣವನ್ನು ಕೊಯ್ಯಿಸಿ ನೋಡಲು ದವಾಖಾನೆಗೆ ಸಾಗಿಸಿ, ಅವನು ಸತ್ತವನ ಮನೆಗೆ ನಡೆದ.

ಹೆಂಡತಿ ಕೊಟ್ರಬಸಮ್ಮ ಅಡುಗೆಮನೆಯಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಇವರನ್ನು ಕಂಡವಳೇ ಎದ್ದು, ತುಂಬಿದ ಕೊಡ ಎತ್ತಿ ಉರಿಯುವ ಒಲೆಗೆ ಸುರಿದಳು. ಬೂದಿ ಬುಸುಗುಟ್ಟಿ ಮೇಲೆದ್ದಿತು. ಪಡಸಾಲೆಯಲ್ಲಿ ಮಗ ಹೂಡಿದ್ದ ಹೊಸ ಒಲೆಗೂ ಸುರಿದಳು.

"ಗಂಡ ಬಿದ್ದಾನ, ನಾ ಒಲಿ ಊದಿಕೋಂತ ಕುಂತಿದ್ನೆಲ್ಲೋ ಯಪ್ಪಾ. ಬೆಂದ ಕೂಳು ಉಂಡ್ನೆಲ್ಲೋ."

ಅವಳಿಗೆ ಉತ್ತರ ಕೊಡುವಷ್ಟರಲ್ಲಿ ಬೀದಿಯಲ್ಲಿ ಕೂಗೆದ್ದಿತು. ಸಂಡೂರಿನ ದಾರಿ ಹಿಡಿದಿದ್ದ ಸುಂಕಪ್ಪನನ್ನು ಹಿಡಿದು ತಂದಿದ್ದರು. ಅವನ ಹರಿಗೋಲು ಅವನ ಮನೆ ಮುಂದೆಯೇ ಧಗಧಗ ಉರಿಯುತ್ತಿತ್ತು. ಅದಕ್ಕೆ ಮೆತ್ತಿದ್ದ ಚರ್ಮ ಸುಡುವ ವಾಸನೆ ಕೇರಿಗೆಲ್ಲ ಹಬ್ಬಿತ್ತು. ಇಬ್ಬರು ಅವನ ಕೈಯನ್ನು ಒರಳ ಅಂಚಿಗೆ ಅಡ್ಡ ಹಿಡಿದಿದ್ದರು. ವಿರುಪಾಕ್ಷಪ್ಪ ಒನಕೆ ಎತ್ತಿದ. ಮೊಣಕೈ ಮುರಿದ ಸದ್ದು ಉಜ್ಜಿನಪ್ಪನಿಗೆ ಬಾಗಿಲ ತನಕ ಕೇಳಿಸಿತು.

ಅವನು ನುಗ್ಗಿ ಲಾಠಿ ಬೀಸಿದ. ಮೊದಲು ಸಿಕ್ಕವನ ಕಿವಿ ಹರಿಯಿತು. ಜಂಬಪ್ಪ ಇನ್ನೊಬ್ಬನನ್ನು ಕೆಡವಿ ಎದೆಯ ಮೇಲೆ ಕೂತ. ಗುಂಪು ಹಿಂದೆ ಸರಿದಾಗ ಸುಂಕಪ್ಪ ಒರಳಿನ ಪಕ್ಕ ಮುದುಡಿ ಬಿದ್ದು ರಕ್ತ ಕಾರುತ್ತಿದ್ದ. ಚಾವಡಿಗೆ ಹೊರಿಸಿಕೊಂಡು ಹೋಗಿ, ಕೈಗೆ ದಬ್ಬೆ ಕಟ್ಟಿಸಿ, ಉಜ್ಜಿನಪ್ಪ ಕೇಳಿದ.

"ಸಂಡೂರಿಗೆ ಯಾಕ ಓಡ್ತಿದ್ದಿ?"

"ಅದು ರಾಜರ ಸೀಮಿ. ನೀವು ಅಲ್ಲಿಗೆ ಬರಾಕ ಕಾಗದ ಬೇಕು. ಇವ್ರಿಗೂ ಬೇಕಾಕ್ಕೈತಿ ಅಂದ್ಕೊಂಡಿದ್ದೆ."

"ಬೆಳಗಿನ ಜಾವ ಎಲ್ಲಿದ್ದಿ?"

ಸುಂಕಪ್ಪ ಊರ ಮುಖ್ಯಸ್ಥ ರೆಡ್ಡಿಯ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡ. ಮುರಿಯದ ಕೈಯ ಮಣಿಕಟ್ಟಿನ ಸುತ್ತ ಹಗ್ಗ ಕೊರೆದ ಗೀರು ಇತ್ತು. ಉಜ್ಜಿನಪ್ಪ ಅದನ್ನು ಎತ್ತಿ ಹಿಡಿದು ರೆಡ್ಡಿಯ ಕಡೆ ತಿರುಗಿದ.

"ನೀವಾಗೇ ಹೇಳ್ತೀರೋ, ನಾ ಹೇಳಿಸ್ಲ್ಯಾ?"

ರೆಡ್ಡಿ ತಲೆಯ ಪಟಗ ಸರಿಮಾಡಿಕೊಂಡ. "ತಲಿ ಒಡೀತೀನಿ ಅಂದಿದ್ನಲ್ರಿ. ಜಗಳ ಬ್ಯಾಡ ಅಂತ ರಾತ್ರಿ ಈ ಕಂಬಕ್ಕ ಕಟ್ಟಿಸಿದ್ದೆ. ರೆವಿನ್ಯೂ ಸಾಹೇಬ್ರ ಬಂಡಿ ಕಂಡ ಮ್ಯಾಲ ಬಿಚ್ಚಿಸಿದೆ."

"ಅವನ ಕೈ ಮುರಿಯೋವಾಗ ಇದನ್ನ ಯಾಕ ಹೇಳಲಿಲ್ಲ?"

"ಕಟ್ಟಿಸಿದ್ದು ಕಾಯ್ದೆ ಅಲ್ಲ ಅಂತ ಗೊತ್ತಿತ್ರಿ."

"ಕಾಯ್ದೆ ಗೊತ್ತಿದ್ದೋರು ಭಾಳ ಮಂದಿ ಇದ್ದೀರಿ ಈ ಊರಾಗ," ಎಂದ ಜಂಬಪ್ಪ, ಯಾರಿಗೂ ಅಲ್ಲವೆಂಬಂತೆ.

ದವಾಖಾನೆಯಿಂದ ಡಾಕ್ಟರರ ಮಾತು ಬಂತು. ಸಾವು ಹೊತ್ತು ಮೂಡುವ ಮೊದಲೇ ಆಗಿದೆ. ಹೊಡೆದದ್ದು ಮಸಿ ಹಿಡಿದ ಕಲ್ಲಿನಿಂದ, ಗಾಯದೊಳಗೆ ಬೂದಿಯೂ ಇದೆ. ಸುಂಕಪ್ಪ ಆಗ ಕಂಬದಲ್ಲಿದ್ದ.

ಸಂಜೆ ಉಜ್ಜಿನಪ್ಪ ಜಡೆಪ್ಪನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಎದುರು ಮನೆಯ ಚೆನ್ನಬಸಮ್ಮ ಬುಟ್ಟಿ ಹೊತ್ತು ಬಂದಳು. ಒಳಗೆ ಜೋಳದ ರೊಟ್ಟಿ, ಪುಂಡಿಪಲ್ಯ.

"ಹೆಣ ಮಣ್ಣಾಗೋ ತನಕ ಈ ಮನ್ಯಾಗ ಒಲಿ ಹಚ್ಚಂಗಿಲ್ಲಲ್ರಿ. ನಾವ ತಂದು ಉಣ್ಣಿಸಬೇಕು."

ಅದು ಉಜ್ಜಿನಪ್ಪನಿಗೆ ಹೇಳಬೇಕಾದ ಮಾತಲ್ಲ. ಅವನ ತಾಯಿ ತೀರಿದಾಗಲೂ ಕೇರಿಯವರೇ ಹೊತ್ತು ತಂದಿದ್ದರು. "ಯಾರ್ಯಾರಿಗೆ ತಂದಿ?"

"ಕೊಟ್ರಬಸಮ್ಮಗ, ಮಗ ಸೊಸಿಗೆ, ಮತ್ತ ಎರ್ರಮ್ಮಗ."

"ಎರ್ರಮ್ಮ ಯಾರು?"

"ಜಡೆಪ್ಪನ ಸತ್ತ ತಮ್ಮನ ಹೇಣ್ತಿ. ಮಕ್ಕಳಿಲ್ಲ ಮರಿಯಿಲ್ಲ. ಹಿಂದಿನ ಕೊಟ್ಟಿಗ್ಯಾಗ ಮಲಗ್ತಾಳ, ಎಲ್ಲಾರದು ಆದ ಮ್ಯಾಲ ಉಣ್ತಾಳ. ಆಕಿನೂ ಒಂದು ಒಲಿ ಹೂಡಿದ್ಲು. ತಮ್ಮನ ಪಾಲು ಅಂತ ಎರಡನೇ ಜಾಗ ಆಕಿಗೆ ಹೋದ್ರ ಮಗಂದು ತಪ್ಪತೈತಿ ಅಂತ ಜಡೆಪ್ಪ ಅದನ್ನ ಎರಡು ಸಲ ಒದ್ದ. ಮತ್ತ ಹೂಡಿದ್ಲು. ಅಷ್ಟು ಹಟ ಮಾಡ್ದಾಕಿ ಎಣಿಕಿ ಹೊತ್ತಿಗೇ ಹಚ್ಚಲಿಲ್ಲ ನೋಡ್ರಿ. ನಾ ಓಡಿ ಹೋಗಿ ಕೆಂಡ ತಂದೆ. ಬ್ಯಾಡ ಯಕ್ಕಾ ಅಂದ್ಲು."

"ಖರೇನ್ರಿ," ಎಂದ ಜಂಬಪ್ಪ. "ಕಟ್ಟಿಗಿ ಜೋಡಿಸಿದ್ಲು, ಗಡಿಗಿ ಇಟ್ಟಿದ್ಲು. ಉರಿ ಇಲ್ಲ. ಹಚ್ಚವ್ವ, ನಿಂತಿರ್ತೀನಿ ಅಂತ ರೆವಿನ್ಯೂ ಸಾಹೇಬ್ರ ಅಂದ್ರು. ಕೈ ಕಟ್ಟಿ ಕುಂತ್ಲು. ಪಾಪ, ನಿಮ್ಮದಿಲ್ಲ ಅಂತ ಮುಂದ ಹೋದ್ರು."

ಉಜ್ಜಿನಪ್ಪ ಎದ್ದು ಹಿಂದಿನ ಕೊಟ್ಟಿಗೆಯ ಕಡೆ ನಡೆದ. ಹೊತ್ತು ಮೂಡುವಾಗ ಜಡೆಪ್ಪ ಸತ್ತದ್ದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ಒಲೆ ಹಚ್ಚಿದ್ದಳು. ಮಗ ಹಚ್ಚಿದ್ದ. ಒಬ್ಬಳು ಮಾತ್ರ, ಮನೆ ಸಿಗುವ ಹೊತ್ತಿನಲ್ಲೇ, ಸಾವಿನ ಮನೆಯ ಕಟ್ಟಳೆ ಹಿಡಿದು ಕೂತಿದ್ದಳು.

ಕೊಟ್ಟಿಗೆಯ ನೆಲ ಸೆಗಣಿಯಲ್ಲಿ ಹೊಸದಾಗಿ ಸಾರಿಸಿತ್ತು. ಎಣಿಕೆಯ ದಿನ ಎಲ್ಲರೂ ಸಾರಿಸಿದ್ದರಿಂದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಎರಡು ಕಲ್ಲು ಮಸಿಗಪ್ಪು. ಮೂರನೆಯದು ಈಗಷ್ಟೇ ಹೊಳೆಯಿಂದ ತಂದಂತೆ ಬೆಳ್ಳಗಿತ್ತು. ಪಕ್ಕದಲ್ಲಿ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಉಜ್ಜಿನಪ್ಪ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಈ ಕಲ್ಲು ಹೊಸದು."

"ಹೂಂ."

"ಹಳೇದೆಲ್ಲಿ?"

ಎರ್ರಮ್ಮ ದನಗಳ ಕಡೆ ನೋಡಿದಳು.

"ಯಾಕ ಹಚ್ಚಲಿಲ್ಲವ್ವಾ? ಹಚ್ಚಿದ್ರ ಮನಿ ಸಿಗ್ತಿತ್ತು."

"ಕಡ್ಡಿ ಗೀರಿದೆ ಸಾಹೇಬ್ರ. ಆರೋ ತನಕ ಹಿಡಕೊಂಡು ಕುಂತೆ." ಅವಳ ಬೆರಳ ತುದಿ ಸುಟ್ಟು ಬೊಬ್ಬೆ ಎದ್ದಿತ್ತು. "ಹಿತ್ತಲಾಗ ಹೆಣ ಐತಿ, ಹೆಂಗ ಹಚ್ಚಲಿ? ಆಕಡಿ ಕೊಟ್ರಬಸಮ್ಮಕ್ಕ ಒಲಿ ಊದಾಕತ್ತಿದ್ಲು. ಹಚ್ಚಬ್ಯಾಡ ಅಕ್ಕಾ ಅಂತ ಬಾಯಿ ತನಕ ಬಂದಿತ್ತು."

ಬಾಗಿಲಲ್ಲಿ ನೆರಳು ಕದಲಿತು. "ಚಿಗವ್ವಾ," ಎಂದ ವಿರುಪಾಕ್ಷಪ್ಪ ಮೆಲ್ಲಗೆ, ಊಟಕ್ಕೆ ಕರೆಯುವ ದನಿಯಲ್ಲಿ. ಅವನ ಕೈಯಲ್ಲಿ ಕುಡುಗೋಲಿತ್ತು. ಅದು ಎರ್ರಮ್ಮನ ಕತ್ತಿನ ಕಡೆ ಬೀಸಿ ಬಂದಾಗ ಉಜ್ಜಿನಪ್ಪ ಎಡಗೈ ಅಡ್ಡ ಕೊಟ್ಟ. ಮುಂಗೈ ಎಲುಬಿನ ತನಕ ಸೀಳಿತು. ರಕ್ತ ಒಟ್ಟಿದ ಕಟ್ಟಿಗೆಯ ಮೇಲೆ ಸುರಿಯಿತು. ಕುಡುಗೋಲು ಮತ್ತೆ ಮೇಲೇಳುವ ಮೊದಲು ಜಂಬಪ್ಪನ ಲಾಠಿ ವಿರುಪಾಕ್ಷಪ್ಪನ ಮೊಣಕಾಲಿಗೆ ಬಿತ್ತು, ಆಮೇಲೆ ಕೈಗೆ, ಆಮೇಲೆ ಬಾಯಿಗೆ. ಅವನು ದನಗಳ ಕಾಲಡಿ ಬಿದ್ದು ಅಪ್ಪಾ ಅಪ್ಪಾ ಎಂದು ಅಳತೊಡಗಿದ. ಅವನ ಮೇಲೂ ಕೇಸಾಯಿತು, ಸುಂಕಪ್ಪನ ಕೈ ಮುರಿದದ್ದೂ ಸೇರಿ.

ಎರ್ರಮ್ಮ ಕತ್ತು ತಗ್ಗಿಸಿದ್ದವಳು ತಗ್ಗಿಸಿಯೇ ಇದ್ದಳು. ಏಟು ಬೀಳಲಿಲ್ಲವೆಂದು ತಿಳಿದ ಮೇಲೆ ಒಲೆಯೊಳಗಿನ ಹಳೆ ಬೂದಿ ಹಿಡಿ ತುಂಬ ತೆಗೆದು ಉಜ್ಜಿನಪ್ಪನ ಗಾಯಕ್ಕೆ ಒತ್ತಿದಳು.

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಕಲ್ಲು ಬೇಕಿತ್ತು. ಪಂಚರು ಬಂದ ಮೇಲೆ ಅವಳೇ ಎದ್ದು ದನಕ್ಕೆ ಮೇವು ಹಾಕುವ ಗೋದಲಿಯ ಕೆಳಗೆ ಬೆರಳು ತೋರಿಸಿದಳು. ಅಗೆದಾಗ ಕಪ್ಪು ಒಲೆಗುಂಡು ಸಿಕ್ಕಿತು. ಅದರ ಒಂದು ಮಗ್ಗುಲಿಗೆ ನರೆತ ಕೂದಲು ಅಂಟಿತ್ತು. ಪಂಚನಾಮೆಗೆ ರುಜುಗಳು ಬಿದ್ದವು. ಸಂಜೆ ಏಳಕ್ಕೆ ಅವಳನ್ನು ದಸ್ತಗಿರಿ ಮಾಡಲಾಯಿತು.

ಮರುದಿನ ಬೆಳಿಗ್ಗೆ ಅವಳನ್ನು ಹೊಸಪೇಟೆಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಬಂಡಿ ಬಂದು ನಿಂತಿತ್ತು. ಚೆನ್ನಬಸಮ್ಮ ಕಳಿಸಿದ್ದ ರೊಟ್ಟಿ ಲಾಕಪ್ಪಿನಲ್ಲಿ ಹಾಗೇ ಇತ್ತು. ಉಜ್ಜಿನಪ್ಪ ಕಟ್ಟಿದ ಕೈಯನ್ನು ಕೊರಳಿಗೆ ಜೋತು ಹಾಕಿಕೊಂಡು ಸರಳಿನ ಹತ್ತಿರ ಕೂತ.

"ಒಲಿ ಒದ್ದ ಅಂತ ಹೊಡದ್ಯಾ?"

"ಒದ್ದಿದ್ದ. ಅದು ಹೊಸದಲ್ಲ." ಅವಳು ಯೋಚಿಸಿ ಹೇಳಿದಳು. "ಕೋಳಿ ಕೂಗೂದಕ್ಕ ಬಂದ. ಯಾರಿಗೆ ಬೇಯ್ಸಾಕ ನಿನಗ ಒಲಿ, ಗಂಡಿಲ್ಲ, ಕೂಸಿಲ್ಲ ಅಂದ. ನನಗ ಅಂದೆ. ನಕ್ಕ. ಏನಂದಿ, ಇನ್ನೊಮ್ಮಿ ಅನ್ನು ಅಂದ. ನನಗ ಅಂದೆ. ಮತ್ತ ನಕ್ಕ. ಕಲ್ಲು ಕೈಗೆ ಬಂತು. ನಗೂದು ನಿಲ್ಲೋ ತನಕ ಹೊಡದೆ. ನಿಂತ ಮ್ಯಾಲೂ ಹೊಡದೆ."

"ಆಮ್ಯಾಲ ಲಿಂಗ ಇಟ್ಟಿ."

"ಭಾವ ಅಲ್ರಿ. ಇಡದ ಹೆಂಗ?"

ಉಜ್ಜಿನಪ್ಪ ಕೇಸ್ ಡೈರಿ ತೆರೆದು ಕಾರಣದ ಸಾಲಿಗೆ ಬಂದ. ಲೇಖನಿ ಅದ್ದಿ, ತಡೆದು, ಕೊನೆಗೆ "ನಿವೇಶನದ ತಕರಾರು" ಎಂದು ಬರೆದ. ಮದರಾಸಿನವರಿಗೆ ಅರ್ಥವಾಗುವುದು ಅಷ್ಟೇ.

ಜಡೆಪ್ಪನ ಮಣ್ಣಿಗೆ ಹೋಗಿದ್ದ ಜಂಬಪ್ಪ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಬಂದ.

"ಮಣ್ಣಾತ್ರಿ, ಸಾಹೇಬ್ರ."

ಒಳಗೆ ಎರ್ರಮ್ಮ ಕಣ್ಣು ಮುಚ್ಚಿದಳು. ಆಮೇಲೆ ತಂಬಿಗೆ ಎಳೆದುಕೊಂಡು ಕೈ ತೊಳೆದು, ಗೋಡೆಯ ಕಡೆ ಮುಖ ಮಾಡಿ, ತಣ್ಣಗಾದ ರೊಟ್ಟಿ ಮುರಿದಳು.

ಬಂಡಿಯವನು ಹೊತ್ತಾಯಿತೆಂದು ಕೂಗಿದ. ಉಜ್ಜಿನಪ್ಪ ಹೊರಗೆ ಹೋಗಿ, ನೊಗ ಬಿಚ್ಚಿ ಎತ್ತುಗಳಿಗೆ ನೀರು ಕುಡಿಸು ಎಂದ.